ಒಂದೇ ಗಾಜು, ಹಲವು ಮದ್ದು: ಹಿಂದಿನ ಡಿಫಾಗರ್ ರಿಪೇರಿಯಲ್ಲಿ ಯಾವುದು ನಿಂತಿತು?

ಸುಳ್ಯದ ಸೆಕೆಯಿಂದ ಹೊರಟು ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವಷ್ಟರಲ್ಲಿ ನನ್ನ ಕಾರಿನ ಹಿಂದಿನ ಗಾಜು ಬಿಳಿ ಗೋಡೆಯಾಗಿರುತ್ತಿತ್ತು. ಮಳೆಗಾಲ, ಹೊರಗೆ ಚಳಿ, ಒಳಗೆ ನಾಲ್ಕು ಜನ ಅರ್ಧಂಬರ್ಧ ಒದ್ದೆ ಬಟ್ಟೆಯಲ್ಲಿ. ಮಬ್ಬು ಹಿಡಿಯದೆ ಇನ್ನೇನು? ಕರೆಂಟಿನಿಂದ ಗಾಜು ಬಿಸಿ ಮಾಡಿ ಮಬ್ಬು ಓಡಿಸುವ ಡಿಫಾಗರ್‌ನ ಬಟನ್ ಒತ್ತಿದರೆ ಲೈಟ್ ಬರುತ್ತಿತ್ತು, ಅಷ್ಟೇ. ಗಾಜು ಹಾಗೇ ಇರುತ್ತಿತ್ತು.

ಕಾರು 2011ರ ಮಾಡೆಲ್ಲಿನ ಹ್ಯಾಚ್‌ಬ್ಯಾಕ್. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಹಿಂದಿನ ಗಾಜಿನಲ್ಲಿ ಡಿಫಾಗರ್‌ನ 10 ಗೆರೆಗಳಿವೆ. ಹತ್ತಿರದಿಂದ ನೋಡಿದಾಗ ಅಲ್ಲಲ್ಲಿ ಬ್ಲೇಡಿನ ಗೀರು ಕಂಡಿತು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಬೇಡ ಎಂದಾಗ ಊರೆಲ್ಲ ಬ್ಲೇಡ್ ಹಿಡಿದು ಗಾಜು ಕೆರೆದದ್ದು ನೆನಪಿದೆಯಲ್ವಾ? ಈ ಕಾರಿಗೂ ಅದೇ ಆಗಿರಬೇಕು ಅಂತ ನನ್ನ ಅನುಮಾನ. ಆ ಗೆರೆಗಳು ಗಾಜಿನ ಒಳಮೈ ಮೇಲೆ ಬೆಳ್ಳಿ ಬೆರೆತ ಪೇಸ್ಟ್ ಹಚ್ಚಿ ಸುಟ್ಟು ಕೂರಿಸಿದ ತೆಳು ಪಟ್ಟಿಗಳು. ಬ್ಲೇಡಿನ ಒಂದು ಗೀರು ಸಾಕು.

ಗ್ಯಾರೇಜಿನಲ್ಲಿ ಕೇಳಿದರೆ ಒಂದೇ ಮಾತು: "ಗಾಜೇ ಚೇಂಜ್ ಮಾಡ್ಬೇಕು ಸಾರ್." ಕೂಲಿ, ಬೀಡಿಂಗ್ ಎಲ್ಲ ಸೇರಿ ಹೇಳಿದ ರೇಟ್ ಕೇಳಿ ನಾನೇ ಕೈ ಹಾಕೋಣ ಅನ್ನಿಸಿತು. ಒಂದೇ ಗಾಜಿನಲ್ಲಿ ನಾಲ್ಕು ಕಡೆ ದೋಷ ಸಿಕ್ಕಿದ್ದು ಒಂಥರಾ ಅದೃಷ್ಟ. ಒಂದೊಂದಕ್ಕೂ ಬೇರೆ ಬೇರೆ ಮದ್ದು ಹಾಕಿ ಒಂದು ಪೂರ್ತಿ ಮಳೆಗಾಲ ನೋಡಿದೆ.

ರಿಪೇರಿಗಿಂತ ಜಾಸ್ತಿ ದಿನ ಹಿಡಿದದ್ದು ದೋಷ ಹುಡುಕುವುದಕ್ಕೆ. ಅದನ್ನೇ ಮೊದಲು ಹೇಳುತ್ತೇನೆ.

ಎಲ್ಲ ಗೆರೆಗಳೂ ಒಟ್ಟಿಗೆ ಸತ್ತಿದ್ದರೆ ಗೆರೆಗಳ ತಂಟೆಗೆ ಹೋಗಬೇಡಿ. ಒಂದೊಂದು ಗೆರೆಯೂ ತನ್ನ ಪಾಡಿಗೆ ಕರೆಂಟ್ ಎಳೆಯುತ್ತದೆ. ಒಂದು ತುಂಡಾದರೆ ಅದೊಂದೇ ಸಾಯುತ್ತದೆ, ಉಳಿದವು ಬಿಸಿಯಾಗುತ್ತಲೇ ಇರುತ್ತವೆ. ಹತ್ತೂ ಸತ್ತಿವೆ ಅಂದರೆ ದೋಷ ಫ್ಯೂಸ್, ರಿಲೇ (ಬಟನ್ ಒತ್ತಿದಾಗ ಕರೆಂಟ್ ಬಿಡುವ ಸ್ವಿಚ್), ವೈರ್ ಅಥವಾ ಗಾಜಿನ ಅಂಚಿನ ಟ್ಯಾಬ್‌ನಲ್ಲಿ (ವೈರ್ ಸಿಕ್ಕಿಸುವ ಲೋಹದ ತುಂಡು). ನನ್ನ ಕಾರಿನಲ್ಲಿ ಫ್ಯೂಸ್ ಸರಿ ಇತ್ತು. ಬಟನ್ ಒತ್ತಿದಾಗ ರಿಲೇ ಟಕ್ ಅನ್ನುತ್ತಿತ್ತು. ಹ್ಯಾಚ್‌ಬ್ಯಾಕ್ ಆದರೆ ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಒಂದು ರಬ್ಬರ್ ಕೊಳವೆ ಇರುತ್ತದೆ, ವೈರ್‌ಗಳು ಅದರೊಳಗಿಂದ ಹೋಗುತ್ತವೆ. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಅಲ್ಲಿ ವೈರ್ ಒಳಗೊಳಗೇ ಮುರಿಯುವುದು ಮಾಮೂಲು. ಅದೂ ಸರಿ ಇತ್ತು. ಕೊನೆಗೆ ನೋಡಿದರೆ ಎಡಗಡೆಯ ಟ್ಯಾಬ್ ಗಾಜಿನಿಂದ ಕಿತ್ತು ವೈರಿನ ಜೊತೆ ನೇತಾಡುತ್ತಿತ್ತು. ಅದನ್ನು ಒತ್ತಿ ಹಿಡಿದರೆ ಗಾಜು ಬೆಚ್ಚಗಾಯಿತು, ಆದರೆ ಎಲ್ಲ ಕಡೆ ಅಲ್ಲ.

ಹಾಗಾದರೆ ಯಾವ ಗೆರೆ ಸತ್ತಿದೆ? ಇದಕ್ಕೆ ಖರ್ಚಿಲ್ಲದ ದಾರಿ ನಮ್ಮೂರಿನ ಬೆಳಗೇ. ಗಾಜಿನ ಮೇಲೆ ಇಬ್ಬನಿ ಕೂತಿರುವಾಗ ಇಂಜಿನ್ ಶುರು ಮಾಡಿ, ಡಿಫಾಗರ್ ಹಾಕಿ, ಮೂರ್ನಾಲ್ಕು ನಿಮಿಷ ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಸಿಯಾದ ಗೆರೆಯ ಸುತ್ತ ಪಟ್ಟಿ ತಿಳಿಯಾಗಿರುತ್ತದೆ. ಸತ್ತ ಗೆರೆ ಮಬ್ಬಿನಲ್ಲೇ ಉಳಿಯುತ್ತದೆ. ನನಗೆ ಮೇಲಿನಿಂದ 3, 6 ಮತ್ತು 9ನೇ ಗೆರೆ ಸಿಕ್ಕವು. ಆದರೆ ಈ ದಾರಿಗೆ ಒಂದು ಮಿತಿ ಇದೆ. ಗೆರೆ ಎಲ್ಲೇ ತುಂಡಾಗಿರಲಿ, ಇಡೀ ಗೆರೆ ತಣ್ಣಗಾಗುತ್ತದೆ. ಯಾವ ಗೆರೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಎಲ್ಲಿ ಅಂತ ತಿಳಿಯಲು ಮೂರು ಬಗೆ ನೋಡಿದೆ.

ಮೊದಲನೆಯದು ಮಲ್ಟಿಮೀಟರಿನ ಬೀಪ್. ಎರಡು ಕಡ್ಡಿಗಳ ನಡುವೆ ಕರೆಂಟ್ ಹಾಯುವ ದಾರಿ ಇದ್ದರೆ ಮೀಟರ್ ಬೀಪ್ ಅನ್ನುತ್ತದೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಅಣ್ಣ ಬಂದು ಮೂರೂ ಗೆರೆಗಳ ಎರಡು ತುದಿಗೆ ಕಡ್ಡಿ ಇಟ್ಟ. "ನೋಡಿ ಸಾರ್, ಎಲ್ಲದಕ್ಕೂ ಬೀಪ್ ಬರ್ತಾ ಇದೆ. ಗೆರೆ ಎಲ್ಲ ಸರಿ ಇದೆ" ಅಂದ. ನಾನೂ ನಂಬಿದೆ. ಆಮೇಲೆ ರಾತ್ರಿ ಮಲಗಿದಾಗ ಹೊಳೆಯಿತು. ಗೆರೆಗಳೆಲ್ಲ ಎರಡೂ ಬದಿಯ ಅಗಲ ಪಟ್ಟಿಗೆ ಸೇರಿಕೊಂಡಿವೆ. ಒಂದು ತುಂಡಾದರೂ ಕರೆಂಟ್ ಉಳಿದ ಗೆರೆಗಳಲ್ಲಿ ಸುತ್ತಿ ಬಂದು ಬೀಪ್ ಅನ್ನಿಸುತ್ತದೆ. ಈ ಕೆಲಸಕ್ಕೆ ಬೀಪ್ ಪೂರ್ತಿ ದಂಡ.

ಎರಡನೆಯದು ಟೆಸ್ಟ್ ಲ್ಯಾಂಪ್, ಅಂದರೆ ಕರೆಂಟ್ ಇದ್ದಲ್ಲಿ ತಾಗಿಸಿದರೆ ಉರಿಯುವ ಚಿಕ್ಕ ಬಲ್ಬು. ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರಿಸಿದಂತೆ ಬಲ್ಬು ಮಂಕಾಗುತ್ತದೆ, ತುಂಡಾದ ಜಾಗ ದಾಟಿದ ಕೂಡಲೇ ಆರುತ್ತದೆ. ಕೇಳಲು ಚೆನ್ನಾಗಿದೆ. ಹಗಲಿನಲ್ಲಿ ಮಂಕಾಯಿತೋ ಆರಿತೋ ಅಂತ ಕಣ್ಣಿಗೆ ತಿಳಿಯುವುದಿಲ್ಲ. ರಾತ್ರಿ ಮಾಡಿದರೆ ಆದೀತು.

ಮೂರನೆಯದೇ ಗೆದ್ದದ್ದು: ಅದೇ ಮಲ್ಟಿಮೀಟರ್, ಆದರೆ 20 ವೋಲ್ಟ್ ಡಿಸಿಗೆ ತಿರುಗಿಸಿ. ಇಂಜಿನ್ ಓಡುತ್ತಿರಬೇಕು, ಡಿಫಾಗರ್ ಆನ್ ಇರಬೇಕು. ಕಪ್ಪು ಕಡ್ಡಿ ಬಾಡಿ ಅರ್ಥ್‌ಗೆ, ಅಂದರೆ ಕಾರಿನ ಬಾಡಿಯ ಬರಿ ಲೋಹಕ್ಕೆ. ಕೆಂಪು ಕಡ್ಡಿಯ ಚೂಪು ತುದಿ ಗೆರೆಯನ್ನು ಕೆರೆಯದಿರಲಿ ಅಂತ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಅದನ್ನು ಬೆರಳಿನಲ್ಲಿ ಒತ್ತಿ ಗೆರೆಯ ಮೇಲೆ ಜಾರಿಸಿ. ಸರಿ ಇರುವ ಗೆರೆಯಲ್ಲಿ ಒಂದು ತುದಿಯಲ್ಲಿ 12ರ ಆಸುಪಾಸು, ನಡುವೆ 6, ಇನ್ನೊಂದು ತುದಿಯಲ್ಲಿ ಸೊನ್ನೆಯ ಹತ್ತಿರ. ಮೆಟ್ಟಿಲಿಳಿದಂತೆ ಇಳಿಯುತ್ತದೆ. ತುಂಡಾದ ಗೆರೆಯಲ್ಲಿ 12 ಹಾಗೇ ಬಂದು, ಒಂದು ಜಾಗದಲ್ಲಿ ದಿಢೀರನೆ ಸೊನ್ನೆ. ಅದೇ ಜಾಗ. ಅಲ್ಲಿ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಹೊರಗಡೆಯಿಂದ ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಒಂದು ವಿಷಯಕ್ಕೆ ನಾನು ಮೋಸ ಹೋದೆ. ಅಳೆಯುತ್ತಾ ಇದ್ದಂತೆ ಎಲ್ಲ ಕಡೆ ಸೊನ್ನೆ ಬರತೊಡಗಿತು. ಏನೋ ಸುಟ್ಟಿತು ಅಂತ ಎದೆ ಧಸಕ್ ಅಂದಿತು. ಏನೂ ಇಲ್ಲ, ಡಿಫಾಗರ್‌ಗೆ ಟೈಮರ್ ಇದೆ. ಹತ್ತು ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗಿತ್ತು.

ಈಗ ಮದ್ದುಗಳ ಸರದಿ.

ಟ್ಯಾಬ್‌ಗೆ ಹಳೆಯ ಓನರ್ ಕಾಲದಲ್ಲೇ ಯಾರೋ ಫಟಾಫಟ್ ಅಂಟುವ ಗಮ್ ಹಾಕಿದ್ದರು. ಗಾಜಿನ ಮೇಲೆ ಅದರ ಬಿಳಿ ಕಲೆ ಇತ್ತು. ಅದು ಕರೆಂಟ್ ಹರಿಯಲು ಬಿಡುವುದಿಲ್ಲ, ಬಿಸಿಗೂ ತಡೆಯುವುದಿಲ್ಲ. ಹಾಗಾಗಿ ಅದನ್ನು ನಾನು ಹಚ್ಚಿ ನೋಡಲೇ ಇಲ್ಲ. ಮನೆಯಲ್ಲಿದ್ದ ಸೋಲ್ಡರಿಂಗ್ ಐರನ್ ಹಿಡಿದು ಹೊರಟೆ. ದುಡುಕಿದೆ. ಮಾಮೂಲಿ ಲೆಡ್ಡು ಬೆಳ್ಳಿಯನ್ನು ಕರಗಿಸಿ ತನ್ನೊಳಗೆ ಎಳೆದುಕೊಳ್ಳುತ್ತದೆ. ಐರನ್ ಎತ್ತಿದಾಗ ಅಂಚಿನ ಪಟ್ಟಿಯ ಒಂದು ಚೂರು ಲೆಡ್ಡಿನ ಜೊತೆಗೇ ಎದ್ದು ಬಂತು. ಇದಕ್ಕೆ 2 ಶೇಕಡಾ ಬೆಳ್ಳಿ ಸೇರಿದ ಲೆಡ್ಡೇ ಬೇಕು, ಕೈಯೂ ಪಳಗಿರಬೇಕು. ಒಂದೇ ಜಾಗಕ್ಕೆ ಜಾಸ್ತಿ ಬಿಸಿ ಕೊಟ್ಟರೆ ಗಾಜೇ ಸೀಳಬಹುದು. ಫ್ಯಾಕ್ಟರಿಯಲ್ಲಿ ಸೋಲ್ಡರ್ ಮಾಡಿಯೇ ಕೂರಿಸುತ್ತಾರೆ, ನಿಜ. ಆದರೆ ನನ್ನಂಥವರಿಗೆ ಅದು ಬೇಡ.

ಕೆಲಸ ಮಾಡಿದ್ದು ಬೆಳ್ಳಿ ಬೆರೆತ ಕಂಡಕ್ಟಿವ್ ಎಪಾಕ್ಸಿ, ಅಂದರೆ ಕರೆಂಟ್ ಹಾಯುವ ಅಂಟು. ಎರಡು ಟ್ಯೂಬ್, ಸಮ ಸಮ ಕಲಸಿ ಹಚ್ಚುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ತಂದೆ. ಹಳೆ ಗಮ್ ಪೂರ್ತಿ ತೆಗೆದು, ಮೊಬೈಲ್ ರಿಪೇರಿಯವರು ಬಳಸುವ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ, ಟ್ಯಾಬ್ ಕೂರಿಸಿ, ಟೇಪಿನಲ್ಲಿ ಬಿಗಿದು ಒಂದು ಇಡೀ ದಿನ ಮುಟ್ಟಲಿಲ್ಲ. ಹತ್ತು ಗೆರೆಗಳ ಕರೆಂಟೂ ಈ ಒಂದು ಬೆಸುಗೆಯಲ್ಲೇ ಹಾಯಬೇಕು, ಅದಕ್ಕೇ ಭಯ ಇತ್ತು. ಮಳೆಗಾಲ ಮುಗಿದರೂ ನಿಂತಿದೆ. ಬೆರಳಿಟ್ಟರೆ ಸ್ವಲ್ಪ ಬೆಚ್ಚಗಿರುತ್ತದೆ, ಸುಡುವುದಿಲ್ಲ.

ಗೆರೆಗಳಲ್ಲಿ 6ನೆಯದಕ್ಕೆ ತಾಮ್ರದ ಟೇಪ್ ಅಂಟಿಸಿದೆ. ಅಗ್ಗ, ಎರಡು ನಿಮಿಷದ ಕೆಲಸ. ಫಲ ಸೊನ್ನೆ. ತಾಮ್ರದಲ್ಲಿ ಕರೆಂಟ್ ಹರಿಯುತ್ತದೆ, ಅದರ ಅಡಿಯ ಅಂಟಿನಲ್ಲಿ ಹರಿಯಬೇಕಲ್ಲ! ಅಂಟಿನಲ್ಲೂ ಕರೆಂಟ್ ಹಾಯುವ ಟೇಪ್ ಸಿಗುತ್ತದೆ, ನಾನು ತಂದದ್ದು ಅದಲ್ಲ.

9ನೆಯದಕ್ಕೆ ಪೆನ್ಸಿಲ್. ಹೌದು, ಪೆನ್ಸಿಲ್ ಗೀಚಿದರೆ ಸಾಕು ಅಂತ ಯಾರೋ ಹೇಳಿದ್ದರು. ಮೀಟರ್ ಇಟ್ಟಾಗ ಕರೆಂಟ್ ಹಾಯುವುದು ಕಂಡಿತು, ಖುಷಿಯಾಯಿತು. ಗಾಜು ಮಾತ್ರ ಬಿಸಿಯಾಗಲಿಲ್ಲ. ಲೆಕ್ಕ ಸುಲಭ. ಇಂಥ ಗಾಜು ಸುಮಾರು 12 ಆಂಪಿಯರ್ ಎಳೆಯುತ್ತದೆ ಅಂದುಕೊಂಡರೆ ಒಂದು ಗೆರೆಗೆ 1.2 ಆಂಪಿಯರ್, ಅಂದರೆ ಗೆರೆಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 10 ಓಮ್. ಪೆನ್ಸಿಲ್ ಗೀಟು ಸಾವಿರಗಟ್ಟಲೆ ಓಮ್. ಗದ್ದೆಗೆ ನೀರು ಬಿಡಬೇಕಾದ ಕಡೆ ಹನಿ ಹನಿ ತೊಟ್ಟಿಕ್ಕಿದ ಹಾಗೆ.

3ನೆಯದಕ್ಕೆ ಬೆಳ್ಳಿ ಕಂಡಕ್ಟಿವ್ ಪೇಂಟ್. ಉಗುರಿಗೆ ಹಚ್ಚುವ ಬಣ್ಣದ ಬಾಟಲಿಗಿಂತ ಚಿಕ್ಕದು, ಬೆಲೆ ಮಾತ್ರ ದೊಡ್ಡದು. ಗೆರೆಯ ಮೇಲೆ ಕೆಳಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಗೆರೆಯಷ್ಟೇ ಅಗಲದ ಸಂದಿ ಬಿಟ್ಟು, ಸೀಳಿನ ಎರಡೂ ಬದಿಗೆ ಒಂದೊಂದು ಸೆಂಟಿಮೀಟರ್ ದಾಟುವಂತೆ ಬಳಿದೆ. ಒಂದೇ ಕೋಟ್‌ನಲ್ಲಿ ನಿಲ್ಲಿಸಬೇಡಿ. ತೆಳುವಾಗಿದ್ದರೆ ರೆಸಿಸ್ಟೆನ್ಸ್ ಅಲ್ಲೇ ಜಾಸ್ತಿಯಾಗುತ್ತದೆ, ಇಡೀ ಗೆರೆಗಿಂತ ಆ ಚುಕ್ಕೆ ಹೆಚ್ಚು ಕಾದು ಸುಟ್ಟು ಹೋಗಬಹುದು. ಮೂರು ಕೋಟ್ ಹಚ್ಚಿ, ಪೇಂಟ್ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕಿತ್ತು, ಒಂದು ದಿನ ಒಣಗಲು ಬಿಟ್ಟೆ. ಮರುದಿನ ಬೆಳಗ್ಗೆ ಇಬ್ಬನಿಯಲ್ಲಿ ಮೂರನೇ ಪಟ್ಟಿ ಮೊದಲ ಸಲ ತಿಳಿಯಾದದ್ದು ನೋಡಿ ಮನೆಯವಳನ್ನು ಕೂಗಿ ಕರೆದೆ. ಅವಳು ನೋಡಿ, "ಇಷ್ಟಕ್ಕಾ?" ಅಂದಳು.

ಸೋತ ತಾಮ್ರ ಕಿತ್ತು 6ನೆಯದಕ್ಕೂ ಪೇಂಟನ್ನೇ ಹಚ್ಚಿದೆ. ಎರಡೂ ಈಗಲೂ ಬಿಸಿಯಾಗುತ್ತಿವೆ. ಹಚ್ಚಿದ ಜಾಗ ಎದ್ದು ಕಾಣುತ್ತದೆ, ಚೆಂದವೇನಲ್ಲ. ಒರೆಸುವಾಗ ಗೆರೆಯ ಉದ್ದಕ್ಕೇ ಒರೆಸುತ್ತೇನೆ, ಅಡ್ಡಲಾಗಿ ಉಜ್ಜುವುದಿಲ್ಲ. ಡಿಕ್ಕಿಯಲ್ಲಿ ಕಾಫಿ ಮೂಟೆ ಇಟ್ಟರೆ ಗಾಜಿಗೆ ತಾಗದಂತೆ ಹಳೆ ಕಂಬಳಿ ಅಡ್ಡ ಇಡುತ್ತೇನೆ.

ಗೆರೆಗೆ ಕೈ ಹಾಕುವುದೇ ಬೇಡ ಅನ್ನುವವರಿಗೆ ಎಸಿ ಇದೆ, ಮಬ್ಬು ಹಿಡಿಯದ ಸ್ಪ್ರೇ ಇದೆ. ಸ್ಪ್ರೇ ಒಂದು ವಾರದ ಮಾತು. ಎಸಿ ಮುಂದಿನ ಗಾಜಿಗೆ ಬೇಗ, ಹಿಂದಕ್ಕೆ ನಿಧಾನ. ಮಡಿಕೇರಿಯ ಜುಲೈಯಲ್ಲಿ ಎಸಿ ಹಾಕಿ ಕೂತರೆ ಹಿಂದಿನ ಸೀಟಿನವರು ಬೈಯದೆ ಬಿಡುವುದಿಲ್ಲ. ಹಿಂದಿನ ವೈಪರ್ ಹೊರಗಿನ ನೀರಿಗೆ ಮಾತ್ರ, ಒಳಗಿನ ಮಬ್ಬಿಗೆ ಏನೂ ಮಾಡದು. ಗಾಜನ್ನೇ ಬದಲಿಸುವುದಾದರೆ, ಬರುವ ಹೊಸ ಗಾಜಿನಲ್ಲಿ ಗೆರೆಗಳಿವೆಯಾ ಅಂತ ಮೊದಲೇ ನೋಡಿಕೊಳ್ಳಿ. ಒಂದೇ ಕಾರಿನ ಕಡಿಮೆ ಬೆಲೆಯ ಮಾಡೆಲ್‌ಗೆ ಬರಿ ಗಾಜು ಬರುವುದುಂಟು.

9ನೇ ಗೆರೆ ಇನ್ನೂ ತಣ್ಣಗೇ ಇದೆ. ಅದಕ್ಕೂ ಪೇಂಟ್ ಹಚ್ಚೋಣ ಅಂತ ಕಳೆದ ವಾರ ಬಾಟಲಿ ತೆಗೆದೆ. ಮುಚ್ಚಳ ಸರಿಯಾಗಿ ಮುಚ್ಚಿರಲಿಲ್ಲ, ಒಳಗೆ ಗಟ್ಟಿಯಾದ ಬೂದು ಗಂಟು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಇನ್ನೊಂದು ತರಬೇಕು. ಎಲೆಕ್ಟ್ರಿಷಿಯನ್ ಅಣ್ಣನೂ ತನ್ನ ವ್ಯಾನಿಗೆ ಅಂತ ಒಂದು ತರಲು ಹೇಳಿದ್ದಾನೆ.