ಹಳೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 11ರಿಂದ ಹಿಂದಕ್ಕೆ: ನಾಲ್ಕು ದಾರಿ ಹಾಕಿ ನೋಡಿದ ಹೋಲಿಕೆ

ವಿಜಯಪುರದ ಒಣದ್ರಾಕ್ಷಿ ಅಡತಿಯಿರಲಿ, ರಬಕವಿ-ಬನಹಟ್ಟಿಯ ಸೀರೆ ಅಂಗಡಿಯಿರಲಿ, ಬೆಳಗಾವಿಯ ಟೈಪಿಂಗ್ ಸೆಂಟರ್ ಇರಲಿ, ಲೆಕ್ಕ ಬರೆಯುವ ಮೇಜಿನ ಕೆಳಗೆ ಇವತ್ತಿಗೂ ಎರಡು ಬಗೆಯ ಹಳೆಯ ಸಿಪಿಯುಗಳು ಕಾಣುತ್ತವೆ. ಒಂದರಲ್ಲಿ ಎಚ್61 ಮದರ್‌ಬೋರ್ಡ್, ಎರಡನೇ ತಲೆಮಾರಿನ ಕೋರ್ ಐ3, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಇನ್ನೊಂದು ಅದಕ್ಕೂ ಹಿರಿಯದು: ಜಿ31 ಬೋರ್ಡ್, ಕೋರ್ 2 ಡ್ಯುಯೋ, 2 ಜಿಬಿ ಡಿಡಿಆರ್2. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಗಡುವಿಗೆ ಹೆದರಿ ಎಷ್ಟೋ ಅಂಗಡಿಗಳಲ್ಲಿ ಟಿಪಿಎಂ ಎಂಬ ಭದ್ರತಾ ಚಿಪ್‌ನ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಸಿದರು. ಈಗ ಬಿಲ್ ಮಾಡಲು ಕೂತರೆ ಸಿಸ್ಟಮ್ ಮೇಲೇಳುವುದಿಲ್ಲ, ಹಿಂದಿನದನ್ನೇ ಹಾಕಿಕೊಡಿ ಎನ್ನುತ್ತಾರೆ.

ಹಿಂದಕ್ಕೆ ಬರಲು ನಾಲ್ಕು ದಾರಿಗಳಿವೆ: 11ರೊಳಗಿನ 'ಗೋ ಬ್ಯಾಕ್' ಬಟನ್, ವಿಂಡೋಸ್ 10ರ ಹೊಸ ಇನ್‌ಸ್ಟಾಲ್, ವಿಂಡೋಸ್ 7, ಮತ್ತು ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ (ಓಎಸ್). ಐ3 ಯಂತ್ರದ ಮೇಲೆ ನಾಲ್ಕನ್ನೂ, ಕೋರ್ 2 ಡ್ಯುಯೋ ಮೇಲೆ ಕೊನೆಯ ಮೂರನ್ನೂ ಹಾಕಿ ನೋಡಿದ ಮೇಲೆ ಬರೆದದ್ದಿದು. ಕೋರ್ 2 ಡ್ಯುಯೋದಲ್ಲಿ ಮೊದಲ ದಾರಿಯ ಪ್ರಶ್ನೆಯೇ ಬರುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಎಂಬ ಯಂತ್ರಸೂಚನೆ (ಇನ್‌ಸ್ಟ್ರಕ್ಷನ್) ಪ್ರೊಸೆಸರ್‌ನಲ್ಲಿ ಇರಲೇಬೇಕು. ಆ ಚಿಪ್‌ನಲ್ಲಿ ಅದಿಲ್ಲ, ಆದ್ದರಿಂದ ಬೂಟ್ ಆಗುವುದೇ ಇಲ್ಲ.

ಪೆನ್‌ಡ್ರೈವ್ ಹಚ್ಚುವ ಮೊದಲು ಎರಡು ತಪಾಸಣೆ ಆಗಲೇಬೇಕು. ಓಎಸ್ ತಲೆಗೆ ಕಟ್ಟುವ ತೊಂದರೆಗಳಲ್ಲಿ ಬಹಳಷ್ಟು ಹಾರ್ಡ್‌ಡಿಸ್ಕ್‌ನದೇ ಆಗಿರುತ್ತವೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ತೆರೆದು 05, ಸಿ5 ಸಾಲುಗಳನ್ನು ನೋಡಿ. ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಕೆಟ್ಟ ಜಾಗಗಳ ಲೆಕ್ಕ ಸೊನ್ನೆ ಬಿಟ್ಟು ಬೇರೆ ಇದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿಯಿರಿ. ಅದರ ಮೇಲೆ ಯಾವ ಓಎಸ್ ಹಾಕಿದರೂ ಫೈಲ್ ಕಾಪಿ ಅರ್ಧಕ್ಕೆ ನಿಲ್ಲಬಹುದು. ಡೇಟಾ ಸಾಗಣೆಯ ದೋಷ ಎಣಿಸುವ ಸಿ7 ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ಸಾಟಾ ಕೇಬಲ್ ಬದಲಿಸಿ. ಎರಡನೆಯದು ಬೋರ್ಡಿನ ಮೇಲಿನ ಸಿಆರ್2032 ಸೆಲ್. ಹತ್ತು ವರ್ಷದ ಬೋರ್ಡಿನಲ್ಲಿ ಅದು ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋದಾಗ ತಾರೀಖು ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಾದರೆ ಬ್ಯಾಂಕಿನ ಸೈಟ್ ಸರ್ಟಿಫಿಕೇಟ್ ದೋಷ ತೋರಿಸುತ್ತದೆ, ಆ್ಯಕ್ಟಿವೇಷನ್ ಕೂಡ ಕೈಕೊಡುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಬಯಾಸ್ (ಕಂಪ್ಯೂಟರ್ ಆನ್ ಮಾಡಿದೊಡನೆ ಓಡುವ ಬೋರ್ಡಿನ ಪ್ರೋಗ್ರಾಂ) ತನ್ನ ಮೂಲ ಸೆಟ್ಟಿಂಗ್‌ಗೆ ಮರಳಿ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ, ಎಎಚ್‌ಸಿಐನಿಂದ ಐಡಿಇಗೆ ಜಾರುವುದು. ಆಗ ನೀಲಿ ಪರದೆಯ ಮೇಲೆ 0ಎಕ್ಸ್7ಬಿ ಬರುತ್ತದೆ, ಓಎಸ್ ಕೆಟ್ಟಿತೆಂದು ಜನ ಮತ್ತೆ ಫಾರ್ಮ್ಯಾಟ್ ಹೊಡೆಯುತ್ತಾರೆ. ಸೆಲ್ ಬದಲಿಸಿ, ಮೋಡ್ ಸರಿಪಡಿಸಿದರೆ ಅದೇ ವಿಂಡೋಸ್ ತೆರೆದುಕೊಳ್ಳುತ್ತದೆ. ಇದು ಇಷ್ಟು ಸಣ್ಣ ವಿಷಯ, ಆದರೂ ಇದೇ ಕಾರಣಕ್ಕೆ ವರ್ಷಗಟ್ಟಲೆಯ ಲೆಕ್ಕಪತ್ರ ಅಳಿಸಿಹೋಗುವುದು ಹೊಟ್ಟೆ ಉರಿಸುವ ಸಂಗತಿ.

'ಗೋ ಬ್ಯಾಕ್' ಬಟನ್ ಎಲ್ಲಕ್ಕಿಂತ ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂದು ಒಳಗೆ ಹೋದರೆ ಸಿಗುತ್ತದೆ. ಫೈಲುಗಳು ಇದ್ದಲ್ಲೇ ಇರುತ್ತವೆ, 11 ಬಂದ ಮೇಲೆ ಹಾಕಿದ ಪ್ರೋಗ್ರಾಂಗಳು ಮಾತ್ರ ಹೋಗುತ್ತವೆ. ಆದರೆ ಇದು ಅಪ್‌ಗ್ರೇಡ್ ಆದ 10 ದಿನದೊಳಗಿನ ಮಾತು. ಕಮಾಂಡ್ ಪ್ರಾಂಪ್ಟ್‌ನ ಡಿಸ್ಮ್ ಆಜ್ಞೆಯಿಂದ ಆ ಅವಧಿಯನ್ನು 60 ದಿನದವರೆಗೆ ಹಿಗ್ಗಿಸಬಹುದು, ಅದನ್ನೂ 10 ದಿನ ಮುಗಿಯುವ ಮೊದಲೇ ಕೊಡಬೇಕು. ಬಟನ್ ಮಸುಕಾಗಿ ಕಂಡರೆ ಸಿ ಡ್ರೈವ್‌ನಲ್ಲಿ ಹಳೆಯ ವಿಂಡೋಸ್ ಇಟ್ಟಿರುವ ವಿಂಡೋಸ್.ಓಲ್ಡ್ ಫೋಲ್ಡರ್ ಇದೆಯೇ ನೋಡಿ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ ಮಾಡಿದ್ದರೆ ಅದು ಅಳಿದಿರುತ್ತದೆ, ಮತ್ತೆ ಬರುವುದಿಲ್ಲ. ಫಾರ್ಮ್ಯಾಟ್ ಹೊಡೆದು 11 ಹಾಕಿದ್ದರಂತೂ ಈ ದಾರಿ ಮೊದಲಿನಿಂದಲೇ ಇರುವುದಿಲ್ಲ. ಮರಳುವಾಗ ಕರೆಂಟ್ ಹೋದರೆ ಎರಡೂ ಕಡೆಗೆ ಸಲ್ಲದ ಸ್ಥಿತಿಯಲ್ಲಿ ಸಿಸ್ಟಮ್ ನಿಲ್ಲಬಹುದು. ಬೇಸಿಗೆಯ ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕುವುದಾದರೆ ಯುಪಿಎಸ್ ಬ್ಯಾಟರಿ ನಿಜವಾಗಿ ಎಷ್ಟು ನಿಮಿಷ ತಡೆಯುತ್ತದೆಂದು ಮೊದಲು ಪ್ಲಗ್ ಕಿತ್ತು ನೋಡಿ. ಬಟನ್ ಕೆಲಸ ಮಾಡಿದರೂ ಬರುವುದು ಮೊದಲಿದ್ದ ಅದೇ ಕಸ ತುಂಬಿದ ವಿಂಡೋಸ್ 10. ಅದಕ್ಕಾಗಿ ಇದನ್ನು ಎರಡನೇ ಸ್ಥಾನಕ್ಕೆ ಇಡುತ್ತೇವೆ.

ಐ3 ಯಂತ್ರಕ್ಕೆ ನಮ್ಮ ಮೊದಲ ಆಯ್ಕೆ ವಿಂಡೋಸ್ 10ರ 22ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕುವುದು. 8 ಜಿಬಿ ಪೆನ್‌ಡ್ರೈವ್ ಸಾಕು. ಮೀಡಿಯಾ ಕ್ರಿಯೇಷನ್ ಟೂಲ್‌ನಿಂದಲಾಗಲಿ ರೂಫಸ್ ಪ್ರೋಗ್ರಾಂನಿಂದಲಾಗಲಿ ಅದನ್ನು ಬೂಟ್ ಆಗುವಂತೆ ಮಾಡಿಕೊಳ್ಳಿ. ಕೀ ಕೇಳಿದಾಗ ಇಲ್ಲವೆಂದು ಒತ್ತಿ, ಮೊದಲಿದ್ದ ಎಡಿಷನ್ನೇ ಆರಿಸಿ. ಹೋಮ್ ಇದ್ದಲ್ಲಿ ಪ್ರೊ ಹಾಕಿದರೆ ಡಿಜಿಟಲ್ ಲೈಸೆನ್ಸ್ ಹೊಂದುವುದಿಲ್ಲ. ಸರಿಯಾಗಿ ಆರಿಸಿದ್ದರೆ ನೆಟ್ ಸಿಕ್ಕೊಡನೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಹಳೆಯ ವಿಂಡೋಸ್ 7 ಕೀ ಹಾಕಿ 10 ಆ್ಯಕ್ಟಿವೇಟ್ ಮಾಡುವ ದಾರಿಯನ್ನು 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮುಚ್ಚಿದೆ, ಅದನ್ನು ನಂಬಿ ಕೂರಬೇಡಿ.

ಹೆಚ್ಚು ಜನ ಸಿಕ್ಕಿಬೀಳುವುದು ಡಿಸ್ಕ್ ಆರಿಸುವ ಪರದೆಯಲ್ಲಿ. 'ಈ ಡಿಸ್ಕ್ ಜಿಪಿಟಿ ಬಗೆಯದು, ಇದರ ಮೇಲೆ ಹಾಕಲಾಗದು' ಎಂದೋ, ಅದರ ತಿರುವುಮುರುವು ಎಂಬಿಆರ್ ಎಂದೋ ಸಂದೇಶ ಬರುತ್ತದೆ. ಡಿಸ್ಕ್ ಕೆಟ್ಟಿಲ್ಲ. ಪೆನ್‌ಡ್ರೈವ್ ಬೂಟ್ ಆದ ರೀತಿಗೂ (ಹೊಸ ಯುಇಎಫ್‌ಐ ಇಲ್ಲವೇ ಹಳೆಯ ಲೆಗಸಿ) ಡಿಸ್ಕ್‌ನ ವಿಭಜನೆಗೂ (ಹೊಸ ಜಿಪಿಟಿ ಇಲ್ಲವೇ ಹಳೆಯ ಎಂಬಿಆರ್) ತಾಳ ತಪ್ಪಿದೆ, ಅಷ್ಟೇ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ: ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಮುಂದೆ ಇರುವುದಿಲ್ಲ. ಜಿಪಿಟಿ ಡಿಸ್ಕ್‌ಗೆ ಯುಇಎಫ್‌ಐ ಸಾಲು, ಎಂಬಿಆರ್ ಡಿಸ್ಕ್‌ಗೆ ಬರಿಯ ಹೆಸರಿನ ಸಾಲು. ಹೆಚ್ಚಿನ ಸಲ ಮರಳಿ ಬೂಟ್ ಮಾಡಿ ಸರಿಯಾದ ಸಾಲು ಆರಿಸಿದರೆ ಮುಗಿಯಿತು, ಡಿಸ್ಕ್ ಅಳಿಸಬೇಕಿಲ್ಲ. ಅಳಿಸಲೇಬೇಕಾದರೆ ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಪಾರ್ಟ್ ತೆರೆದು, ಲಿಸ್ಟ್ ಡಿಸ್ಕ್ ಕೊಟ್ಟು, ಗಾತ್ರ ನೋಡಿ ಖಚಿತಪಡಿಸಿಕೊಂಡು ಸೆಲೆಕ್ಟ್ ಮಾಡಿ, ಆಮೇಲೆ ಕ್ಲೀನ್, ಆಮೇಲೆ ಕನ್ವರ್ಟ್ ಜಿಪಿಟಿ ಇಲ್ಲವೇ ಕನ್ವರ್ಟ್ ಎಂಬಿಆರ್. ಕ್ಲೀನ್ ಕೊಟ್ಟರೆ ಸಿ ಡ್ರೈವ್ ಮಾತ್ರವಲ್ಲ, ಡಿ, ಇ ಎಲ್ಲವೂ ಹೋಗುತ್ತವೆ. ಟ್ಯಾಲಿ ಡೇಟಾ ಡಿ ಡ್ರೈವ್‌ನಲ್ಲಿದೆ, ಏನೂ ಆಗುವುದಿಲ್ಲ ಎಂದುಕೊಂಡವರು ಇಲ್ಲಿಯೇ ಎಲ್ಲ ಕಳೆದುಕೊಳ್ಳುತ್ತಾರೆ.

ಹಾರ್ಡ್‌ಡಿಸ್ಕ್ ಮೇಲೆಯೇ ಹಾಕಿದರೆ ಮೊದಲ ಕೆಲವು ತಾಸು ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪ್ರತಿಶತ ತೋರಿಸುತ್ತದೆ. ಅಪ್‌ಡೇಟ್, ಡಿಫೆಂಡರ್ ಸ್ಕ್ಯಾನ್, ಸರ್ಚ್ ಸೂಚಿ, ಮೂರೂ ಒಟ್ಟಿಗೆ ಓಡುತ್ತಿರುತ್ತವೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ. ನಿಜವಾದ ಬದಲಾವಣೆ ಬೇಕಿದ್ದರೆ 240 ಇಲ್ಲವೇ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ. ಎಚ್61ರಲ್ಲಿರುವುದು ಸೆಕೆಂಡಿಗೆ 3 ಗಿಗಾಬಿಟ್‌ನ ಸಾಟಾ ಮಾತ್ರ, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ. ಆದರೂ ಟ್ಯಾಲಿ ತೆರೆಯುವುದರಲ್ಲಿ, ಬ್ರೌಸರ್ ಏಳುವುದರಲ್ಲಿ ಅಜಗಜಾಂತರ ಕಂಡಿತು, ಏಕೆಂದರೆ ಅಲ್ಲಿ ಬೇಕಾಗುವುದು ಸಣ್ಣ ಸಣ್ಣ ಫೈಲುಗಳನ್ನು ಹುಡುಕುವ ಚುರುಕು. 4 ಜಿಬಿ ರ‍್ಯಾಮ್‌ಗೆ ಇನ್ನೊಂದು 4 ಜಿಬಿ ಸೇರಿಸುವುದು ಅದರ ನಂತರದ ಖರ್ಚು.

ಭದ್ರತಾ ಅಪ್‌ಡೇಟ್ ನಿಂತಿದೆಯಲ್ಲ ಎಂಬ ಪ್ರಶ್ನೆ ಸರಿಯಾದದ್ದು. ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಇಎಸ್‌ಯು ಎಂಬ ಹೆಚ್ಚುವರಿ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ಕೊಟ್ಟಿತು. ಸೆಟ್ಟಿಂಗ್‌ಗಳನ್ನು ವಿಂಡೋಸ್ ಬ್ಯಾಕಪ್ ಮೂಲಕ ಸಿಂಕ್ ಮಾಡಿದರೆ ಹಣ ಕಟ್ಟಬೇಕಿಲ್ಲ. ನೋಂದಣಿಯ ಬಟನ್ ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಇರುತ್ತದೆ. ಅದು ಕಾಣದಿದ್ದರೆ ಸಾಮಾನ್ಯವಾಗಿ ಎರಡು ಕಾರಣ: ಬಾಕಿ ಅಪ್‌ಡೇಟ್‌ಗಳು ಮುಗಿದಿಲ್ಲ, ಇಲ್ಲವೇ ಬರಿಯ ಲೋಕಲ್ ಅಕೌಂಟ್‌ನಲ್ಲಿ ಕೂತಿದ್ದೀರಿ. ನೋಂದಣಿಗೆ ಮೈಕ್ರೋಸಾಫ್ಟ್ ಅಕೌಂಟ್ ಬೇಕೇ ಬೇಕು.

ವಿಂಡೋಸ್ 7 ಬಗ್ಗೆ ನಮ್ಮ ಕಡೆ ಇರುವ ಪ್ರೀತಿ ಸುಳ್ಳಲ್ಲ. ಎರಡೂ ಯಂತ್ರಗಳಲ್ಲಿ ಅದು ಹಗುರಾಗಿ ಓಡಿತು. ಆದರೆ ಬೆಂಬಲ ಮುಗಿದು ಬಹಳ ಕಾಲವಾಯಿತು, 2020ರ ಜನವರಿ 14ಕ್ಕೆ. ಕ್ರೋಮ್ 109ಕ್ಕೆ ನಿಂತಿದೆ. ನೆಟ್‌ಬ್ಯಾಂಕಿಂಗ್‌ಗೆ, ಜಿಎಸ್‌ಟಿ ಕೆಲಸಕ್ಕೆ ಇದನ್ನು ಕೊಡಲು ನಮಗೆ ಮನಸ್ಸಿಲ್ಲ. ನೆಟ್‌ಗೆ ಜೋಡಿಸದ ಯಂತ್ರಕ್ಕೆ, ಅಂದರೆ ಹಳೆಯ ತೂಕದ ಸೇತುವೆಯ ಸಾಫ್ಟ್‌ವೇರ್‌ಗೋ, ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂಗೋ ಮಾತ್ರ ಇದು ಸರಿ. ಅಲ್ಲಿಯೂ 32 ಬಿಟ್‌ನದೇ ಹಾಕಬೇಕು, 16 ಬಿಟ್ ಡಾಸ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ.

ಇನ್‌ಸ್ಟಾಲ್‌ನಲ್ಲಿ 7ರಷ್ಟು ಕಾಡುವುದು ಬೇರೆ ಇಲ್ಲ. ಡಿವಿಡಿ ಡ್ರೈವರ್ ಇಲ್ಲ ಎಂಬ ಸಂದೇಶ ಬಂದು ನಿಂತರೆ ಸಾಮಾನ್ಯವಾಗಿ ಪೆನ್‌ಡ್ರೈವ್ ನೀಲಿ ಯುಎಸ್‌ಬಿ 3 ಪೋರ್ಟ್‌ನಲ್ಲಿದೆ ಎಂದರ್ಥ. 7ರ ಸೆಟಪ್‌ಗೆ ಯುಎಸ್‌ಬಿ 3 ಗೊತ್ತಿಲ್ಲ. ಹಿಂಬದಿಯ ಕಪ್ಪು ಪೋರ್ಟ್‌ಗೆ ಬದಲಿಸಿ. 'ಸ್ಟಾರ್ಟಿಂಗ್ ವಿಂಡೋಸ್' ಲೋಗೋ ಮೇಲೆಯೇ ಕೂತುಬಿಟ್ಟರೆ ಬಯಾಸ್‌ನಲ್ಲಿ ಹಳೆಯ ರೀತಿಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಆನ್ ಮಾಡಿ ಲೆಗಸಿ ಮೋಡ್‌ನಲ್ಲಿ ಮೊದಲಿನಿಂದ ಹಾಕಿ. ಹಾಕಿದ ಮೇಲೆ ನೆಟ್ ಬರದಿದ್ದರೆ ಲ್ಯಾನ್ ಡ್ರೈವರ್ ಇಲ್ಲ, ಅದನ್ನು ಮೊದಲೇ ಇನ್ನೊಂದು ಪೆನ್‌ಡ್ರೈವ್‌ಗೆ ಇಳಿಸಿಟ್ಟಿರಬೇಕು. ಅಪ್‌ಡೇಟ್ ಹುಡುಕುತ್ತಲೇ ಕೂತರೆ ಕೆಬಿ 4490628, ಆಮೇಲೆ ಕೆಬಿ 4474419, ಇದೇ ಕ್ರಮದಲ್ಲಿ ಕೈಯಾರೆ ಹಾಕಿ. ಮೈಕ್ರೋಸಾಫ್ಟ್ 2019ರಲ್ಲಿ ಅಪ್‌ಡೇಟ್‌ಗಳ ಸಹಿಯನ್ನು ಶಾ-2 ಎಂಬ ಹೊಸ ಬಗೆಗೆ ಬದಲಿಸಿತು, ಹಳೆಯ ಡಿವಿಡಿಯಿಂದ ಹಾಕಿದ 7ಕ್ಕೆ ಆ ಸಹಿ ಓದಲು ಬರುವುದಿಲ್ಲ. ಮತ್ತೆ ಪೆನ್‌ಡ್ರೈವ್ ಮಾಡಬೇಕಾದರೆ 7ರೊಳಗೆ ರೂಫಸ್ 3.22ರವರೆಗಿನದಷ್ಟೇ ಓಡುತ್ತದೆ.

ಕೋರ್ 2 ಡ್ಯುಯೋಗೆ ನಾವು ಹೇಳುವುದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಜಿ31ರ ಒಳಗಿನ ಗ್ರಾಫಿಕ್ಸ್‌ಗೆ ಇಂಟೆಲ್ ವಿಂಡೋಸ್ 10 ಡ್ರೈವರ್ ಮಾಡಲಿಲ್ಲ. ಹಾಗಾಗಿ 10 ಹಾಕಿದರೆ ಪರದೆ ಎಳೆದುಕೊಂಡು ಹೋದಂತೆ ಕಾಣುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಅದರ ಡ್ರೈವರ್ ಮೊದಲಿನಿಂದಲೇ ಇದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಕನಿಷ್ಠ 2 ಜಿಬಿ ರ‍್ಯಾಮ್ ಕೇಳುತ್ತದೆ. ಬೋರ್ಡ್ ಒಪ್ಪುವ 4 ಜಿಬಿಗೆ ಏರಿಸಿದರೆ ಬ್ರೌಸರ್ ಉಸಿರಾಡುತ್ತದೆ. ದೊಡ್ಡ ಅನುಕೂಲವೆಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಆಗಲೇ ಲ್ಯಾನ್, ಸೌಂಡ್, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ.

ಟೈಪಿಂಗ್ ಸೆಂಟರ್‌ನವರ ಮೊದಲ ಅಂಜಿಕೆ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನದು. ಅದರದೇ ಕೀಲಿ ವಿನ್ಯಾಸ ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನ ಎಂ17ಎನ್ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಅಲ್ಲಿ ಬರುವುದು ಯೂನಿಕೋಡ್ ಅಕ್ಷರ. ಹಳೆಯ ಆಸ್ಕಿ ಕಡತಗಳು ಗೀಚಿದಂತೆ ಕಂಡರೆ ನುಡಿ ಫಾಂಟ್‌ಗಳನ್ನು ಹೋಮ್ ಫೋಲ್ಡರ್‌ನ ಫಾಂಟ್ಸ್ ಜಾಗಕ್ಕೆ ಹಾಕಿದರೆ ಓದಬಹುದು. ಟ್ಯಾಲಿ ದಿನವಿಡೀ ಬೇಕಾದವರಿಗೆ ಮಿಂಟ್ ಬೇಡ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೇಲೆ ಓಡಿಸಿ ಹಣದ ಲೆಕ್ಕ ನಂಬುವುದು ಸರಿಯಲ್ಲ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇರುವಲ್ಲಿಯೂ ಮೊದಲು ಪೆನ್‌ಡ್ರೈವ್‌ನಲ್ಲಿಯೇ ಜೋಡಿಸಿ ನೋಡಿ.

ಮಿಂಟ್‌ನಲ್ಲಿ ಪ್ರಿಂಟರ್ ವಿಷಯಕ್ಕೆ ಬಂದರೆ ಡಾಟ್ ಮ್ಯಾಟ್ರಿಕ್ಸ್ ನೆಮ್ಮದಿಯದು, ಎಪ್ಸನ್ 9 ಪಿನ್ ಇಲ್ಲವೇ 24 ಪಿನ್ ಸಾಮಾನ್ಯ ಡ್ರೈವರ್ ಆರಿಸಿದರೆ ಸಾಕು. ಎಚ್‌ಪಿ ಲೇಸರ್‌ಜೆಟ್ 1020, ಪಿ1007, ಪಿ1008 ಪಟ್ಟಿಯಲ್ಲಿ ಕಂಡೂ ಮುದ್ರಿಸದಿದ್ದರೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್‌ನ ಪ್ಲಗಿನ್ ಇಳಿಸಿ. ಈ ಮಾದರಿಗಳಿಗೆ ಆನ್ ಮಾಡಿದ ಪ್ರತಿ ಸಲ ಕಂಪ್ಯೂಟರ್‌ನಿಂದಲೇ ಫರ್ಮ್‌ವೇರ್ ಹೋಗಬೇಕು. ಕ್ಯಾನನ್ ಎಲ್‌ಬಿಪಿ2900 ಇದ್ದರೆ ಮಿಂಟ್‌ಗೆ ಹೊರಡುವ ಮೊದಲು ಎರಡು ಸಲ ಯೋಚಿಸಿ. ಅದಕ್ಕೆ ಬೇಕಾದ ಕ್ಯಾಪ್ಟ್ ಡ್ರೈವರ್ ಕೂರಿಸುವುದು ಉದ್ದದ ಕೆಲಸ, ವಿಂಡೋಸ್ 10ರಲ್ಲಿ ಸಲೀಸು.

ವಿಂಡೋಸ್ ಮತ್ತು ಮಿಂಟ್ ಎರಡನ್ನೂ ಒಂದೇ ಡಿಸ್ಕ್‌ನಲ್ಲಿ ಇಟ್ಟುಕೊಂಡವರಿಗೆ ಗಡಿಯಾರ ಸರಿಯಾಗಿ ಐದೂವರೆ ತಾಸು ಹಿಂದೆ ಮುಂದೆ ಆಗುತ್ತದೆ. ಇದು ಸೆಲ್‌ನ ತಪ್ಪಲ್ಲ. ಬೋರ್ಡಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯವೆಂದು ಓದುತ್ತದೆ, ಲಿನಕ್ಸ್ ಗ್ರೀನಿಚ್ ಸಮಯವೆಂದು ಓದುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಒಮ್ಮೆ ಕೊಟ್ಟರೆ ಎರಡೂ ಒಂದೇ ಹೊತ್ತು ತೋರಿಸುತ್ತವೆ.