ಎರಡು ಸರ್ವರ್, ಒಂದು ಬಿಲ್ಲು: ಡಿಟಿಸಿ, ಸರ್ವಿಸ್ ಬ್ರೋಕರ್, ಔಟ್‌ಬಾಕ್ಸ್ ಟೇಬಲ್ – ಮೂರನ್ನೂ ಓಡಿಸಿ ನೋಡಿದ ಮೇಲೆ

ಎರಡು ಸರ್ವರ್‌ನ ಡೇಟಾಬೇಸ್‌ಗಳಲ್ಲಿ ಒಂದೇ ಬಿಲ್ಲಿನ ಲೆಕ್ಕ ಕೂರಿಸೋಕೆ ನಾನು ನೋಡಿದ್ದು ಮೂರು ದಾರಿ: ಎರಡೂ ಕಡೆ ಒಟ್ಟಿಗೇ ಬರೆಸುವ ವಿಂಡೋಸ್‌ನ ಡಿಟಿಸಿ (ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್ ಕೋಆರ್ಡಿನೇಟರ್), ಎಸ್‌ಕ್ಯೂಎಲ್ ಸರ್ವರ್ ಒಳಗೇ ಇರುವ ಮೆಸೇಜ್ ವ್ಯವಸ್ಥೆ ಸರ್ವಿಸ್ ಬ್ರೋಕರ್, ಕಳಿಸಬೇಕಾದ್ದನ್ನು ಬರೆದಿಟ್ಟು ಆಮೇಲೆ ಕಳಿಸುವ ಔಟ್‌ಬಾಕ್ಸ್ ಟೇಬಲ್. ನನ್ನ ಓಟು ಔಟ್‌ಬಾಕ್ಸ್ ಟೇಬಲ್‌ಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಓದುವಾಗ ಡಿಟಿಸಿ ಮೇಲೆ ನನಗಿರುವ ಸಿಟ್ಟು ಹೇಗೂ ಗೊತ್ತಾಗುತ್ತದೆ.

ನಮ್ಮದು ಔಷಧಿ ಹೋಲ್‌ಸೇಲ್. ಬಿಲ್ಲಿಂಗ್ ನಡೆಯೋದು ಹುಬ್ಬಳ್ಳಿ ಆಫೀಸಿನ ಸರ್ವರ್‌ನಲ್ಲಿ, ಬ್ಯಾಚ್‌ವಾರು ಸ್ಟಾಕು ಇರೋದು ಊರಾಚೆಯ ಗೋಡೌನ್ ಸರ್ವರ್‌ನಲ್ಲಿ. ಮಧ್ಯೆ ವಿಪಿಎನ್, ಅಂದರೆ ಇಂಟರ್ನೆಟ್ ಮೇಲಿನ ಖಾಸಗಿ ದಾರಿ, ಅದೂ ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೇಲೆ. ಡೇಟಾಬೇಸ್ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್: ಆಫೀಸಿನಲ್ಲಿ ದುಡ್ಡಿನ ಎಡಿಷನ್ ಸ್ಟ್ಯಾಂಡರ್ಡ್, ಗೋಡೌನ್‌ನಲ್ಲಿ ಪುಕ್ಕಟೆ ಸಿಗುವ ಎಕ್ಸ್‌ಪ್ರೆಸ್. ಬಿಲ್ಲಿಂಗ್ ಸಾಫ್ಟ್‌ವೇರ್ ಹೊರಗಿನವರಿಂದ ಕೊಂಡದ್ದು. ಅದರ ಬಿಲ್ ಟೇಬಲ್ ಮೇಲೆ ಒಂದು ಟ್ರಿಗರ್ ಇದೆ, ಅಂದರೆ ಟೇಬಲ್‌ಗೆ ಏನಾದರೂ ಬರೆದಾಗ ತಾನೇ ಓಡುವ ಕೋಡು. ಬಿಲ್ ಸೇವ್ ಆಗುವಾಗಲೇ ಅದು ಲಿಂಕ್ಡ್ ಸರ್ವರ್ (ಒಂದು ಎಸ್‌ಕ್ಯೂಎಲ್ ಸರ್ವರ್‌ನಿಂದ ಇನ್ನೊಂದನ್ನು ಮುಟ್ಟುವ ಕೊಂಡಿ) ಮೂಲಕ ಗೋಡೌನ್‌ನ ಸ್ಟಾಕು ಇಳಿಸುತ್ತಿತ್ತು. ಹಳೇ ಮೆಷಿನ್‌ಗಳಲ್ಲಿ ಇದು ಹೇಗೋ ನಡೆದುಕೊಂಡು ಹೋಗುತ್ತಿತ್ತು. ಎರಡೂ ಕಡೆ ಹೊಸ ಸರ್ವರ್ ಕೂರಿಸಿದ್ದೇ ತಡ, ಬಿಲ್ ಸೇವ್ ಆಗೋದು ನಿಂತಿತು. ಎರರ್ 7391. ಲಿಂಕ್ಡ್ ಸರ್ವರ್ ಜೊತೆ ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್ ಶುರು ಮಾಡೋಕೆ ಆಗಲಿಲ್ಲ ಅಂತ. ಟ್ರಾನ್ಸಾಕ್ಷನ್ ಅಂದರೆ ಪೂರ್ತಿ ಆಗಬೇಕು, ಇಲ್ಲ ಏನೂ ಆಗಬಾರದು ಅನ್ನೋ ಕೆಲಸದ ಗಂಟು. ಅದು ಎರಡು ಸರ್ವರ್‌ಗೆ ಹರಡಿದರೆ ಡಿಸ್ಟ್ರಿಬ್ಯೂಟೆಡ್.

ಡಿಟಿಸಿ: ಎಲ್ಲಾ ಸರಿ ಇದ್ದೂ ನಡೆಯದ್ದು

ಡಿಟಿಸಿ ಹೊಸದೇನಲ್ಲ. 1996ರಲ್ಲಿ ಎಸ್‌ಕ್ಯೂಎಲ್ ಸರ್ವರ್ 6.5 ಜೊತೆ ಬಂದದ್ದು, ಈಗ ವಿಂಡೋಸ್‌ನಲ್ಲೇ ಇರುತ್ತದೆ. ಎರಡು ಡೇಟಾಬೇಸ್‌ಗಳನ್ನು ಕೂರಿಸಿಕೊಂಡು ಮೊದಲು ‘ತಯಾರಾ?’ ಅಂತ ಕೇಳುತ್ತದೆ. ಇಬ್ಬರೂ ಹೂಂ ಅಂದ ಮೇಲೆ ‘ಕಮಿಟ್’, ಅಂದರೆ ಈಗ ಖಾಯಂ ಮಾಡಿ, ಅನ್ನುತ್ತದೆ. ಹೇಳೋಕೆ ಚೆನ್ನಾಗಿದೆ.

ಇಲ್ಲಿ ಹೊಸಬರನ್ನು ತಲೆ ಕೆರೆದುಕೊಳ್ಳುವ ಹಾಗೆ ಮಾಡೋದು ಒಂದಿದೆ. ಲಿಂಕ್ಡ್ ಸರ್ವರ್ ಮೇಲೆ ಕೈಯಿಂದ ಸೆಲೆಕ್ಟ್ ಹೊಡೆದರೆ ಬರುತ್ತದೆ. ಕೈಯಿಂದಲೇ ಒಂದು ಇನ್ಸರ್ಟ್ ಮಾಡಿದರೂ ಹೋಗುತ್ತದೆ. ಅದೇ ಇನ್ಸರ್ಟ್ ಟ್ರಿಗರ್ ಒಳಗಿಂದ ಹೋದರೆ 7391. ಕಾರಣ ಇಷ್ಟೇ: ಟ್ರಿಗರ್ ಯಾವಾಗಲೂ ಒಂದು ಟ್ರಾನ್ಸಾಕ್ಷನ್ ಒಳಗೇ ಓಡುತ್ತದೆ. ಅದರೊಳಗಿಂದ ಬೇರೆ ಸರ್ವರ್ ಮುಟ್ಟಿದ ಕೂಡಲೇ ವಿಷಯ ಡಿಟಿಸಿ ಕೈಗೆ ಹೋಗುತ್ತದೆ. ಆದ್ದರಿಂದ ‘ಕ್ವೆರಿ ಓಡ್ತಿದೆ, ಲಿಂಕ್ ಸರಿ ಇದೆ’ ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ. ಬಿಗಿನ್ ಡಿಸ್ಟ್ರಿಬ್ಯೂಟೆಡ್ ಟ್ರಾನ್ ಬರೆದು, ಆಚೆ ಸರ್ವರ್‌ನ ಒಂದು ಸಣ್ಣ ಟೇಬಲ್ ಓದಿ, ರೋಲ್‌ಬ್ಯಾಕ್ ಮಾಡಿ (ಮಾಡಿದ್ದನ್ನು ರದ್ದು ಮಾಡಿ) ನೋಡಿ. ಅಸಲಿ ಪರೀಕ್ಷೆ ಅದು.

ಮಾಮೂಲಿ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. ವಿಂಡೋಸ್‌ನ ಕಾಂಪೊನೆಂಟ್ ಸರ್ವಿಸಸ್‌ನಲ್ಲಿ ಲೋಕಲ್ ಡಿಟಿಸಿಯ ಸೆಕ್ಯುರಿಟಿ ಟ್ಯಾಬ್ ತೆಗೆದು ನೆಟ್‌ವರ್ಕ್ ಡಿಟಿಸಿ ಆ್ಯಕ್ಸೆಸ್, ಇನ್‌ಬೌಂಡ್, ಔಟ್‌ಬೌಂಡ್ ಟಿಕ್ ಹಾಕಬೇಕು, ಅದೂ ಎರಡೂ ಮೆಷಿನ್‌ನಲ್ಲಿ. ನಮ್ಮ ಗೋಡೌನ್ ಮೆಷಿನ್ ಡೊಮೇನ್‌ನಲ್ಲಿಲ್ಲ (ಲಾಗಿನ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಏರ್ಪಾಡು), ಬರೀ ವರ್ಕ್‌ಗ್ರೂಪ್. ಅದಕ್ಕೆ ಎರಡೂ ಕಡೆ ‘ನೋ ಅಥೆಂಟಿಕೇಷನ್’ ಆರಿಸಬೇಕಾಯಿತು, ವಿಪಿಎನ್ ಒಳಗೇ ಇದೆ ಅನ್ನೋ ಧೈರ್ಯದ ಮೇಲೆ. ಫೈರ್‌ವಾಲ್‌ನಲ್ಲಿ 135ನೇ ಪೋರ್ಟು ತೆಗೆದರೆ ಸಾಲದು. ಅದು ಬಾಗಿಲಲ್ಲಿ ವಿಳಾಸ ಹೇಳುವುದಷ್ಟೇ. ಆಮೇಲಿನ ಮಾತುಕತೆ 49152ರಿಂದ 65535ರ ನಡುವೆ ಎಲ್ಲಿ ಬೇಕಾದರೂ ನಡೆಯಬಹುದು. ಇನ್ನೊಂದು, ಎರಡೂ ಸರ್ವರ್ ಒಂದನ್ನೊಂದು ಹೆಸರಿನಿಂದ ಗುರುತಿಸಬೇಕು. ಐಪಿಗೆ ಪಿಂಗ್ ಹೋದರೆ ಆಗಲ್ಲ. ಹೋಸ್ಟ್ಸ್ ಫೈಲ್‌ನಲ್ಲಿ ಒಂದೊಂದು ಸಾಲು ಹಾಕಿದರೆ ಮುಗಿಯಿತು. ಟ್ರಿಗರ್‌ನಲ್ಲಿ ಎಕ್ಸ್‌ಆ್ಯಕ್ಟ್ ಅಬಾರ್ಟ್ (ಎರರ್ ಬಂದರೆ ಇಡೀ ಟ್ರಾನ್ಸಾಕ್ಷನ್ ರದ್ದು ಮಾಡುವ ಸೆಟ್ಟಿಂಗ್) ಆನ್ ಇರಲಿ, ಇಲ್ಲದಿದ್ದರೆ 7391 ಹೋಗಿ 7395 ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ 7391 ಜಪ್ಪಯ್ಯ ಅನ್ನಲಿಲ್ಲ.

ಸರ್ವರ್ ಮಾರಿದವರಿಗೆ ಫೋನ್ ಮಾಡಿದರೆ ‘ಅದು ನಿಮ್ಮ ನೆಟ್‌ವರ್ಕ್’ ಅಂದರು. ನೆಟ್‌ವರ್ಕ್‌ನವರು ‘ಅದು ಸಾಫ್ಟ್‌ವೇರ್’ ಅಂದರು. ಸಾಫ್ಟ್‌ವೇರ್‌ನವರು ‘ಹಳೇ ಸರ್ವರ್‌ನಲ್ಲಿ ನಡೀತಿತ್ತಲ್ಲ ಸರ್’ ಅಂದರು. ಕೊನೆಗೆ ಡಿಟಿಸಿಪಿಂಗ್ ಅನ್ನೋ ಮೈಕ್ರೋಸಾಫ್ಟ್‌ನ ಹಳೇ ಟೂಲ್ ಎರಡೂ ಕಡೆ ಓಡಿಸಿದೆ. ಪರೀಕ್ಷೆ ಪಾಸಾಯಿತು! ಆದರೆ ಅದರ ಲಾಗ್ ನಡುವೆ ಒಂದು ವಾರ್ನಿಂಗ್ ಕೂತಿತ್ತು. ಎರಡೂ ಮೆಷಿನ್‌ನ ಸಿಐಡಿ, ಅಂದರೆ ಡಿಟಿಸಿಯ ಗುರುತಿನ ನಂಬರು, ಒಂದೇ ಇದೆ. ಇದರಿಂದ ಈ ಪರೀಕ್ಷೆ ನಿಲ್ಲುವುದಿಲ್ಲ, ಆದರೆ ಡಿಟಿಸಿ ಮಾತ್ರ ಫೇಲ್ ಆಗುತ್ತದೆ ಅಂತ ಅದರ ತಾತ್ಪರ್ಯ. ಪರೀಕ್ಷೆ ಪಾಸು, ಕೆಲಸ ಫೇಲು. ಇದನ್ನು ಬರೆದವರಿಗೆ ಒಂದು ನಮಸ್ಕಾರ. ಆಮೇಲೆ ಈವೆಂಟ್ ವ್ಯೂವರ್ ತೆಗೆದರೆ ಅಪ್ಲಿಕೇಷನ್ ಲಾಗ್‌ನಲ್ಲೂ ಅದೇ ದೂರು, ಐಡಿ 4101.

ನಡೆದದ್ದು ಇಷ್ಟು. ಮಾರಿದವರು ಒಂದು ವಿಎಂನಲ್ಲಿ (ವರ್ಚುವಲ್ ಮೆಷಿನ್) ವಿಂಡೋಸ್ ಹಾಕಿ, ಕಾಪಿ ಮಾಡುವ ಮೊದಲು ಮೆಷಿನ್ ಗುರುತು ಅಳಿಸುವ ಸಿಸ್‌ಪ್ರೆಪ್ ಮಾಡದೆ, ಅದನ್ನೇ ಕಾಪಿ ಹೊಡೆದು ಎರಡೂ ಕಡೆ ಕೂರಿಸಿದ್ದರು. ಹೆಸರು ಬೇರೆ, ಐಪಿ ಬೇರೆ. ಆದರೆ ರಿಜಿಸ್ಟ್ರಿಯೊಳಗಿನ ಡಿಟಿಸಿ ಗುರುತು ಒಂದೇ. ಗೋಡೌನ್‌ನ ಡಿಟಿಸಿ ಬಂದು ಪರಿಚಯ ಹೇಳಿಕೊಂಡರೆ ಆಫೀಸಿನದ್ದಕ್ಕೆ ಅದು ತಾನೇ ಅನ್ನಿಸುತ್ತದೆ. ಅಲ್ಲಿಗೆ ಮಾತುಕತೆ ಖತಂ.

ಪರಿಹಾರಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಮೆಷಿನ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಎಂಎಸ್‌ಡಿಟಿಸಿ ಕಮಾಂಡಿಗೆ ಅನ್‌ಇನ್‌ಸ್ಟಾಲ್ ಕೊಡಿ, ರೀಬೂಟ್ ಮಾಡಿ, ಮತ್ತೆ ಇನ್‌ಸ್ಟಾಲ್ ಕೊಡಿ. ಹೊಸ ಗುರುತು ಹುಟ್ಟುತ್ತದೆ. ಎರಡು ಎಚ್ಚರಿಕೆ ಮಾತ್ರ. ಹಾಗೆ ಮಾಡಿದರೆ ಡಿಟಿಸಿಯ ಲಾಗ್ ಹೋಗುತ್ತದೆ. ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ ಏನಾದರೂ ಇದೆಯಾ ಅಂತ ಟ್ರಾನ್ಸಾಕ್ಷನ್ ಲಿಸ್ಟ್ ನೋಡಿಕೊಂಡೇ ಕೈ ಹಾಕಿ. ಜೊತೆಗೆ ನೀವು ಹಾಕಿದ್ದ ಟಿಕ್‌ಗಳೆಲ್ಲ ಹೋಗಿ ನೆಟ್‌ವರ್ಕ್ ಆ್ಯಕ್ಸೆಸ್ ಮತ್ತೆ ಆಫ್ ಆಗಿರುತ್ತದೆ. ಅದನ್ನು ಮರೆತರೆ ‘ಇದೂ ಕೆಲಸ ಮಾಡಲಿಲ್ಲ’ ಅಂತ ಇನ್ನೊಂದು ಸಂಜೆ ಹಾಳು.

ಅಲ್ಲಿಗೆ ಬಿಲ್ ಸೇವ್ ಆಗತೊಡಗಿತು. ಹಾಗಿದ್ದರೆ ಡಿಟಿಸಿಯನ್ನೇ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಳೆ ಶುರುವಾಗುವವರೆಗೆ ನಾನೂ ಇಟ್ಟುಕೊಂಡಿದ್ದೆ. ಲೈನ್ ಹೋದಾಗ ಎರಡು ತೊಂದರೆ. ಮೊದಲನೆಯದು, ಗೋಡೌನ್ ಸಿಗದಿದ್ದರೆ ಆಫೀಸಿನಲ್ಲಿ ಬಿಲ್ಲೇ ಆಗಲ್ಲ. ಕೌಂಟರ್ ಮುಂದೆ ಮೆಡಿಕಲ್ ಶಾಪ್‌ನವರು ಸಾಲುಗಟ್ಟಿ ನಿಂತಿರುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು. ‘ತಯಾರು’ ಅಂದ ಮೇಲೆ, ‘ಕಮಿಟ್’ ಬರುವ ಮೊದಲು ಲೈನ್ ಕಡಿದರೆ ಗೋಡೌನ್ ಸರ್ವರ್ ನಿಶ್ಚಿತಾರ್ಥಕ್ಕೆ ತಾಂಬೂಲದ ತಟ್ಟೆ ಹಿಡಿದು ಕೂತವರ ಹಾಗೆ ಕೂರುತ್ತದೆ. ಕೊಡೋಕೂ ಆಗಲ್ಲ, ಕೆಳಗಿಡೋಕೂ ಆಗಲ್ಲ. ಆ ಬ್ಯಾಚ್‌ನ ಸಾಲು ಲಾಕ್ ಆಗಿರುತ್ತದೆ. ಲಾಕ್ ಹಿಡಿದವರು ಯಾರು ಅಂತ ನೋಡಿದರೆ ಸೆಷನ್ ನಂಬರ್ ಮೈನಸ್ 2. ಅಂದರೆ ಅದಕ್ಕೆ ಯಾವ ಕನೆಕ್ಷನ್ನೂ ಇಲ್ಲ, ದಿಕ್ಕಿಲ್ಲದ ಟ್ರಾನ್ಸಾಕ್ಷನ್. ಲಾಕ್‌ಗಳ ವ್ಯೂನಲ್ಲಿ ಅದರ ಯುಓಡಬ್ಲ್ಯೂ (ಯೂನಿಟ್ ಆಫ್ ವರ್ಕ್) ಗುರುತು ಹುಡುಕಿ, ಆ ಉದ್ದನೆಯ ನಂಬರನ್ನು ಕೋಟ್‌ನಲ್ಲಿಟ್ಟು ಕಿಲ್ ಹೊಡೆಯಬೇಕು. ಲೈನ್ ವಾಪಸ್ ಬಂದರೆ ಸಾಮಾನ್ಯವಾಗಿ ತಾನೇ ಬಗೆಹರಿಯುತ್ತದೆ, ನಿಜ. ಆದರೆ ಅಲ್ಲಿವರೆಗೆ ಆ ಬ್ಯಾಚ್‌ನ ಮಾಲು ಗೋಡೌನ್‌ನವರು ಮುಟ್ಟುವ ಹಾಗಿಲ್ಲ.

ಡಿಟಿಸಿ ಕೆಟ್ಟದ್ದು ಅಂತಲ್ಲ. ಒಂದೇ ರ‍್ಯಾಕ್‌ನಲ್ಲಿ, ಒಂದೇ ಸ್ವಿಚ್‌ಗೆ ಕಟ್ಟಿದ ಎರಡು ಸರ್ವರ್ ಇದ್ದು, ಎರಡೂ ಕಡೆ ಅದೇ ಕ್ಷಣಕ್ಕೆ ಬೀಳಲೇಬೇಕು ಅಂತಿದ್ದರೆ ಅದನ್ನೇ ಹಾಕಿ. ಬ್ರಾಡ್‌ಬ್ಯಾಂಡ್ ಮೇಲೆ ಬೇಡ.

ಲಿಂಕ್ಡ್ ಸರ್ವರ್‌ನಲ್ಲಿ ಪ್ರೊಮೋಷನ್ ಆಫ್

7391ಕ್ಕೆ ಲಿಂಕ್ಡ್ ಸರ್ವರ್‌ನ ‘ಎನೇಬಲ್ ಪ್ರೊಮೋಷನ್ ಆಫ್ ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್ಸ್’ ಅನ್ನೋದನ್ನು ಫಾಲ್ಸ್ ಮಾಡಿ, ಅಂದರೆ ವಿಷಯ ಡಿಟಿಸಿ ಕೈಗೆ ಹೋಗದ ಹಾಗೆ ಮಾಡಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಅದು ಆಚೆ ಸರ್ವರ್‌ನ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಬರೆದಿಟ್ಟ ಕೋಡು) ಕರೆಯುವಾಗಷ್ಟೇ ಉಪಯೋಗ. ಎರರ್ ಹೋಗುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ. ಬಿಲ್ ರೋಲ್‌ಬ್ಯಾಕ್ ಆದರೂ ಗೋಡೌನ್‌ನಲ್ಲಿ ಇಳಿದ ಸ್ಟಾಕು ಇಳಿದದ್ದೇ. ಇದನ್ನೊಂದೇ ಪರಿಹಾರ ಅಂತ ಹಾಕಬೇಡಿ.

ಸರ್ವಿಸ್ ಬ್ರೋಕರ್: ಗಟ್ಟಿ ಮಾಲು, ಓದೋರಿಲ್ಲ

ಇದು 2005ರ ಎಸ್‌ಕ್ಯೂಎಲ್ ಸರ್ವರ್‌ನಿಂದ ಒಳಗೇ ಇದೆ. ಮೆಸೇಜು ಕ್ಯೂನಲ್ಲಿ ಕೂತು, ಲೈನ್ ಬಂದಾಗ ಹೋಗುತ್ತದೆ. ಒಂದೇ ಸಲ ಹೋಗುತ್ತದೆ, ಸರದಿ ಪ್ರಕಾರ ಹೋಗುತ್ತದೆ. ಡೇಟಾಬೇಸ್ ಜೊತೆಗೇ ಬ್ಯಾಕಪ್ ಆಗುತ್ತದೆ. ಕಾಗದದ ಮೇಲೆ ಇದೇ ಗೆಲ್ಲಬೇಕು. ಟೆಸ್ಟ್ ಸೆಟಪ್ ಮಾಡಿ ವಿಪಿಎನ್ ತಂತಿ ಕಿತ್ತು ನೋಡಿದೆ, ಒಂದು ಮೆಸೇಜೂ ಕಳೆಯಲಿಲ್ಲ.

ಬಿಟ್ಟದ್ದು ಬೇರೆ ಕಾರಣಕ್ಕೆ. ಡೊಮೇನ್ ಇಲ್ಲದ ಕಡೆ ಸರ್ವರ್‌ಗಳು ಒಂದನ್ನೊಂದು ನಂಬೋಕೆ ಎರಡೂ ಬದಿ ಸರ್ಟಿಫಿಕೇಟ್ ಮಾಡಿ ಅದಲು ಬದಲು ಮಾಡಬೇಕು. ಆ ಸರ್ಟಿಫಿಕೇಟ್‌ಗೆ ಅವಧಿ ಕೊಡದಿದ್ದರೆ ಒಂದು ವರ್ಷಕ್ಕೆ ಮುಗಿಯುತ್ತದೆ. ಮೆಸೇಜು ಹೋಗದಿದ್ದರೆ ಯಾರೂ ಕಿರುಚುವುದಿಲ್ಲ. ಟ್ರಾನ್ಸ್‌ಮಿಷನ್ ಕ್ಯೂ ವ್ಯೂ ತೆಗೆದು ಅದರ ಸ್ಟೇಟಸ್ ಕಾಲಂ ಓದಬೇಕು. ಕೆಟ್ಟ ಮೆಸೇಜೊಂದು ಸತತ ಐದು ಸಲ ರೋಲ್‌ಬ್ಯಾಕ್ ಆದರೆ ಕ್ಯೂ ತಾನೇ ಬಂದ್ ಆಗುತ್ತದೆ. ಡೇಟಾಬೇಸ್ ರಿಸ್ಟೋರ್ ಮಾಡಿದರೆ ಬ್ರೋಕರ್ ಆಫ್ ಆಗಿರುತ್ತದೆ, ನೆನಪಿಟ್ಟು ಆನ್ ಮಾಡಬೇಕು. ಇದೆಲ್ಲ ಕಲಿಯೋಕಾಗದ್ದಲ್ಲ. ಆದರೆ ನಾನು ರಜೆ ಹಾಕಿದ ದಿನ ಇದು ನಿಂತರೆ ಅಕೌಂಟ್ಸ್‌ನ ಹುಡುಗನಿಗೆ ಫೋನ್‌ನಲ್ಲಿ ಹೇಳಿ ಮಾಡಿಸೋದು ಆಗದ ಮಾತು. ಇನ್ನು ಎರಡೂ ಕಡೆ ಎಕ್ಸ್‌ಪ್ರೆಸ್ ಇದ್ದವರಿಗೆ ಈ ದಾರಿಯೇ ಇಲ್ಲ. ಎರಡು ಎಕ್ಸ್‌ಪ್ರೆಸ್‌ಗಳು ನೇರವಾಗಿ ಬ್ರೋಕರ್ ಮಾತಾಡಲ್ಲ, ಮಧ್ಯೆ ಒಂದು ದುಡ್ಡಿನ ಎಡಿಷನ್ ಬೇಕು.

ಔಟ್‌ಬಾಕ್ಸ್ ಟೇಬಲ್

ಇದರಲ್ಲಿ ಮುಚ್ಚಿಡೋದು ಏನೂ ಇಲ್ಲ. ಆಫೀಸಿನ ಡೇಟಾಬೇಸ್‌ನಲ್ಲೇ ಒಂದು ಟೇಬಲ್: ಬಿಲ್ ನಂಬರು, ಬಿಲ್ಲಿನ ಸಾಲು, ಐಟಂ, ಬ್ಯಾಚು, ಎಷ್ಟು, ಬರೆದ ಸಮಯ, ಕಳಿಸಿದ ಸಮಯ. ಟ್ರಿಗರ್ ಈಗ ಗೋಡೌನ್ ಕಡೆ ನೋಡುವುದೇ ಇಲ್ಲ, ಈ ಟೇಬಲ್‌ಗೆ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಬಿಲ್ಲೂ ಸಾಲೂ ಒಂದೇ ಡೇಟಾಬೇಸ್‌ನಲ್ಲಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಬಿಲ್ ಸೇವ್ ಆದರೆ ಸಾಲೂ ಸೇವ್ ಆಗುತ್ತದೆ, ಬಿಲ್ ರದ್ದಾದರೆ ಸಾಲೂ ರದ್ದಾಗುತ್ತದೆ. ಡಿಟಿಸಿಗೆ ಇಲ್ಲಿ ಕೆಲಸವೇ ಇಲ್ಲ. ಟ್ರಿಗರ್ ಬದಲಿಸೋಕೆ ಸಾಫ್ಟ್‌ವೇರ್‌ನವರನ್ನು ಒಪ್ಪಿಸಬೇಕಾಯಿತು. ಡಿಟಿಸಿ ಬಗ್ಗೆ ಇನ್ನು ಫೋನ್ ಬರಲ್ಲ ಅಂದ ಮೇಲೆ ಬೇಗ ಒಪ್ಪಿದರು.

ನಿಮಿಷಕ್ಕೊಮ್ಮೆ ಏಜೆಂಟ್ (ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಭಾಗ) ಜಾಬ್ ಓಡುತ್ತದೆ. ಕಳಿಸಿದ ಸಮಯ ಖಾಲಿ ಇರುವ ಸಾಲುಗಳನ್ನು ಸರದಿ ಪ್ರಕಾರ ತೆಗೆದು, ಒಂದೊಂದಕ್ಕೂ ಗೋಡೌನ್ ಸರ್ವರ್‌ನ ಒಂದು ಪ್ರೊಸೀಜರ್ ಕರೆಯುತ್ತದೆ. ಆ ಪ್ರೊಸೀಜರ್ ತನ್ನದೇ ಟ್ರಾನ್ಸಾಕ್ಷನ್‌ನಲ್ಲಿ ಎರಡು ಕೆಲಸ ಮಾಡುತ್ತದೆ: ‘ಬಂದದ್ದು’ ಟೇಬಲ್‌ಗೆ ಬಿಲ್ ನಂಬರು ಮತ್ತು ಸಾಲು ಬರೆಯೋದು, ಸ್ಟಾಕು ಇಳಿಸೋದು. ‘ಬಂದದ್ದು’ ಟೇಬಲ್‌ನಲ್ಲಿ ಬಿಲ್ ನಂಬರು ಮತ್ತು ಸಾಲು ಸೇರಿ ಪ್ರೈಮರಿ ಕೀ, ಅಂದರೆ ಅದೇ ಜೋಡಿ ಎರಡು ಸಲ ಬರೆಯೋಕೆ ಬಿಡಲ್ಲ. ಇಡೀ ಏರ್ಪಾಡಿನ ಜೀವ ಇರೋದು ಈ ಕೀಯಲ್ಲೇ. ಗೋಡೌನ್‌ನಲ್ಲಿ ಕೆಲಸ ಆಗಿ, ಆಯ್ತು ಅನ್ನೋ ಉತ್ತರ ಆಫೀಸಿಗೆ ಬರುವ ಮೊದಲು ಲೈನ್ ಹೋದರೆ ಅದೇ ಸಾಲು ಮತ್ತೆ ಹೋಗುತ್ತದೆ. ಗೋಡೌನ್ ‘ಇದು ಬಂದಿದೆ’ ಅಂತ ನೋಡಿ ಸ್ಟಾಕು ಮುಟ್ಟದೆ ಸರಿ ಅನ್ನುತ್ತದೆ. ಎರಡು ಸಲ ಹೋದರೂ ಒಂದೇ ಸಲ ಇಳಿಯುತ್ತದೆ.

ಒಂದು ಕಡೆ ಮಾತ್ರ ಹುಷಾರಾಗಿರಿ. ಪ್ರೊಸೀಜರ್ ಕೊಡುವ ಉತ್ತರವನ್ನು ಇನ್ಸರ್ಟ್-ಎಕ್ಸೆಕ್ ಕಮಾಂಡಿನಿಂದ ಟೇಬಲ್‌ಗೆ ತುಂಬಿಕೊಳ್ಳೋಕೆ ಹೋದರೆ ಅದು ತನ್ನಷ್ಟಕ್ಕೆ ಟ್ರಾನ್ಸಾಕ್ಷನ್ ತೆರೆಯುತ್ತದೆ, ಡಿಟಿಸಿ ಹಿತ್ತಿಲ ಬಾಗಿಲಿಂದ ಒಳಗೆ ಬಂದು 7391 ತೋರಿಸುತ್ತದೆ. ಪ್ರೊಸೀಜರ್‌ಗೆ ಔಟ್‌ಪುಟ್ ಪ್ಯಾರಾಮೀಟರ್ (ಉತ್ತರ ತುಂಬಿ ಕೊಡುವ ವೇರಿಯಬಲ್) ಇಟ್ಟು ಉತ್ತರ ತರಿಸಿಕೊಳ್ಳಿ. ಜಾಬ್ ಸ್ಟೆಪ್ಪಿನ ಸುತ್ತ ಬಿಗಿನ್ ಟ್ರಾನ್ ಹಾಕಲೂ ಹೋಗಬೇಡಿ. ಮೇಲೆ ಬೈದ ಆ ಪ್ರೊಮೋಷನ್ ಆಫ್ ಆಯ್ಕೆಗೆ ಇಲ್ಲಿ ಮಾತ್ರ ಜಾಗ ಇದೆ, ಯಾಕಂದ್ರೆ ರಕ್ಷಣೆಗೆ ಈಗ ಕೀ ಇದೆ.

ಕೊರತೆ ಇಲ್ವಾ ಅಂದ್ರೆ ಇದೆ. ಗೋಡೌನ್ ಸ್ಟಾಕು ಒಂದು ನಿಮಿಷ ಹಿಂದಿರುತ್ತದೆ, ಲೈನ್ ಹೋದರೆ ಗಂಟೆಗಟ್ಟಲೆ. ಕೊನೆಯ ಬಾಕ್ಸ್ ಇನ್ಸುಲಿನ್ ಇಬ್ಬರಿಗೆ ಬಿಲ್ ಆಗಬಾರದಲ್ಲ. ಅದಕ್ಕೆ ಬಿಲ್ಲಿಂಗ್ ಪರದೆ ಈಗ ಗೋಡೌನ್ ಕೊಟ್ಟ ಕೊನೆಯ ಲೆಕ್ಕದಿಂದ, ಆ ಲೆಕ್ಕಕ್ಕೆ ಇನ್ನೂ ಸೇರದ ಸಾಲುಗಳನ್ನು ಕಳೆದು ತೋರಿಸುತ್ತದೆ. ಗೋಡೌನ್‌ನಿಂದಲೇ ನೇರ ಮಾಲು ಕೊಡುವವರಿಗೆ ಇದು ಸಾಲದು. ನಮ್ಮಲ್ಲಿ ಆಫೀಸಿನ ಬಿಲ್ ಇಲ್ಲದೆ ಮಾಲು ಹೊರಗೆ ಹೋಗಲ್ಲ, ಆದ್ದರಿಂದ ನಡೆಯುತ್ತದೆ.

ಖರ್ಚಿನ ಲೆಕ್ಕಕ್ಕೆ ಬಂದರೆ ಒಂದು ಕಡೆ ಸ್ಟ್ಯಾಂಡರ್ಡ್ ಇರುವ ನಮ್ಮಂಥವರಿಗೆ ಮೂರಕ್ಕೂ ಬೇರೆ ಲೈಸೆನ್ಸ್ ಬೇಡ, ಸಮ. ನನಗೆ ವ್ಯತ್ಯಾಸ ಕಂಡದ್ದು ತೊಂದರೆ ಬಂದಾಗ ಏನು ತೆರೆಯಬೇಕು ಅನ್ನೋದರಲ್ಲಿ. ಡಿಟಿಸಿಗೆ ಕಾಂಪೊನೆಂಟ್ ಸರ್ವಿಸಸ್, ರಿಜಿಸ್ಟ್ರಿ, ಫೈರ್‌ವಾಲ್, ಈವೆಂಟ್ ವ್ಯೂವರ್. ಬ್ರೋಕರ್‌ಗೆ ಸಿಸ್ಟಂ ವ್ಯೂಗಳ ಸಾಲು. ಔಟ್‌ಬಾಕ್ಸ್‌ಗೆ ಒಂದು ಸೆಲೆಕ್ಟ್. ನಾನು ದಿನವಿಡೀ ಬರೆಯೋದೂ ಸೆಲೆಕ್ಟೇ. ಡೆವಲಪರ್ ಟೀಮ್ ಇದ್ದು, ಸರ್ವರ್ ಸಂಖ್ಯೆ ಬೆಳೆಯುತ್ತಾ ಹೋಗುವ ಕಡೆ ಬ್ರೋಕರ್ ಅಥವಾ ಬೇರೆ ಮೆಸೇಜ್ ಕ್ಯೂ ಸರಿ ಇರಬಹುದು, ಅದು ನನ್ನ ಅಂಗಡಿಯ ಅಳತೆಯಲ್ಲ.

ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ ಇರಲ್ಲ ಅನ್ನೋದು ನೆನಪಿರಲಿ. ಎರಡೂ ಕಡೆ ಎಕ್ಸ್‌ಪ್ರೆಸ್ ಇದ್ದರೆ ಅದೇ ಪ್ರೊಸೀಜರನ್ನು ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಎಸ್‌ಕ್ಯೂಎಲ್‌ಸಿಎಂಡಿ ಅನ್ನೋ ಕಮಾಂಡ್ ಟೂಲ್ ಮೂಲಕ ಕರೆಸಿ. ಯಾವುದೇ ಇರಲಿ, ಕಳಿಸದೆ ಉಳಿದ ಅತಿ ಹಳೇ ಸಾಲು ಹತ್ತು ನಿಮಿಷ ದಾಟಿದರೆ ಮೇಲ್ ಬರುವ ಹಾಗೆ ಇನ್ನೊಂದು ಜಾಬ್ ಹಾಕಿ. ಮೊದಲ ಜಾಬ್ ನಿಂತೇ ಹೋದರೂ ಆ ಮೇಲ್ ಬರಬೇಕು, ಆದ್ದರಿಂದ ಎರಡನ್ನೂ ಒಂದೇ ಜಾಬ್‌ನಲ್ಲಿ ಸೇರಿಸಬೇಡಿ.