ನಾಲ್ಕು ವರ್ಷ ಬಳಸಿದ ಮೇಲೆ: ಗೋಡೆ ನೆತ್ತಿಯ ಸಂದಿಗೆ ಹೊಡೆಯುವ ಫೈರ್ ಸ್ಪ್ರೇ

ಮೊದಲೇ ಹೇಳಿಬಿಡುತ್ತೇನೆ, ಈ ಬಕೆಟ್‌ನ ಮುಚ್ಚಳಕ್ಕೂ ನನಗೂ ಆಗಿ ಬರುವುದಿಲ್ಲ. ಒಳಗಿರುವ ಮಾಲಿನ ಬಗ್ಗೆ ಆಮೇಲೆ ಹೇಳುತ್ತೇನೆ.

ನನ್ನದು ಡ್ರೈವಾಲ್ ಕೆಲಸ, ಅಂದರೆ ತಗಡಿನ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊಡೆದು ಗೋಡೆ ಕಟ್ಟುವುದು. ನಾಲ್ಕು ಜನರ ಚಿಕ್ಕ ತಂಡ. ಒಂದು ಗಂಟೆ, ಎರಡು ಗಂಟೆ ಬೆಂಕಿ ತಡೆಯಬೇಕಾದ ಪಾರ್ಟಿಷನ್ ಗೋಡೆ ಕಟ್ಟಿದ ಮೇಲೆ ಅದರ ನೆತ್ತಿ ಮತ್ತು ಮೇಲಿನ ಸ್ಲ್ಯಾಬ್ ನಡುವೆ ಒಂದು ಸಂದು ಉಳಿಯುತ್ತದಲ್ವಾ, ಅದನ್ನು ಮುಚ್ಚುವುದಕ್ಕೆ ಈ ರಬ್ಬರಿನಂಥ ಸ್ಪ್ರೇ ಬಳಸುತ್ತೇವೆ. ರೇಟಿಂಗ್, ಸಿಸ್ಟಮ್ ನಂಬರ್ (ಪರೀಕ್ಷೆಯಲ್ಲಿ ಪಾಸಾದ ಪೂರ್ತಿ ಜೋಡಣೆಯ ಸಂಖ್ಯೆ) ಎಲ್ಲ ಕಂಪನಿಯ ಡೇಟಾ ಶೀಟಿನಲ್ಲಿವೆ, ಇಲ್ಲಿ ಮತ್ತೆ ಬರೆಯುವುದಿಲ್ಲ.

ಈಗ ಮುಚ್ಚಳದ ಕಥೆ. ಇದು ನೀರಿನಲ್ಲಿ ಕಲಸಿದ ಮಾಲು. ಒಮ್ಮೆ ಬಕೆಟ್ ತೆರೆದು, ಅರ್ಧ ಬಳಸಿ, ಮುಚ್ಚಿಟ್ಟರೆ ಮರುದಿನ ಬೆಳಿಗ್ಗೆ ಮೇಲೆ ಕೆನೆ ಕಟ್ಟಿರುತ್ತದೆ. ತೆಳ್ಳಗಿನ ಕೆನೆಯಲ್ಲ, ದಪ್ಪ ಚರ್ಮ. ಕಲಕಿದರೆ ಅದು ಚೂರು ಚೂರಾಗಿ ಒಳಗೆ ಸೇರುತ್ತದೆ, ನೇರ ಹೋಗಿ ಏರ್‌ಲೆಸ್ ಮಷಿನಿನ (ಗಾಳಿ ಬೆರೆಸದೆ ಬರೀ ಒತ್ತಡದಿಂದ ಮಾಲು ಚಿಮ್ಮಿಸುವ ಯಂತ್ರ) ಟಿಪ್‌ನಲ್ಲಿ, ಅಂದರೆ ಗನ್ನಿನ ತುದಿಯ ಸಣ್ಣ ತೂತಿನಲ್ಲಿ, ಸಿಕ್ಕಿಕೊಳ್ಳುತ್ತದೆ. ಏಣಿಯ ಮೇಲೆ ನಿಂತವನು ಟ್ರಿಗರ್ ಒತ್ತುತ್ತಾನೆ, ಒಂದು ಕಡೆಯಿಂದ ಮಾತ್ರ ಮಾಲು ಬರುತ್ತದೆ. ಟಿಪ್ ಹಿಂದುಮುಂದು ತಿರುಗಿಸಿ ಟ್ರಿಗರ್ ಒತ್ತಿ ಕಸ ಹೊರಹಾಕಬೇಕು, ಮತ್ತೆ ಹೊಡೆಯಬೇಕು, ಮತ್ತೆ ಕಟ್ಟುತ್ತದೆ. ಟಿಪ್ ಬಿಚ್ಚುವ ಮೊದಲು ಪ್ರೆಷರ್ ಇಳಿಸುವುದನ್ನು ಮಾತ್ರ ಯಾರೂ ಮರೆಯಬೇಡಿ. ಆ ಧಾರೆ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ.

ಮೊದಲ ವರ್ಷ ಇದೇ ಜಗಳದಲ್ಲಿ ಕಳೆಯಿತು. ಅದೆಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಆಮೇಲೆ ಒಂದು ಪದ್ಧತಿ ಕೈಗೆ ಹತ್ತಿತು. ಸಂಜೆ ಬಕೆಟ್‌ನ ಒಳಗೋಡೆಗೆ ಮೆತ್ತಿದ ಮಾಲನ್ನು ಪುಟ್ಟಿ ಬಳಿಯುವ ಕತ್ತಿಯಿಂದ ಕೆಳಕ್ಕೆ ಇಳಿಸಿಬಿಡುತ್ತೇನೆ. ಅಂಚಿನಲ್ಲಿ ಉಳಿದದ್ದೇ ಮೊದಲು ಒಣಗಿ ಉದುರುವುದು. ಆಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಾಲಿನ ಮೈಗೇ ಅಂಟುವ ಹಾಗೆ ಹಾಸಿ, ಮೇಲೆ ಮುಚ್ಚಳ ಹಾಕಿ, ಮುಷ್ಟಿಯಿಂದ ಸುತ್ತಲೂ ಗುದ್ದುತ್ತೇನೆ. ಬೆಳಿಗ್ಗೆ ಹಾಳೆ ಮೆಲ್ಲಗೆ ಎತ್ತಿದರೆ ಕೆನೆಯೂ ಅದರ ಜೊತೆಗೇ ಬರುತ್ತದೆ. ಏನಾದರೂ ಉಳಿದಿದ್ದರೆ ಕತ್ತಿಯ ಮೂಲೆಯಿಂದ ಅಂಚು ಬಿಡಿಸಿ, ಸುರುಳಿ ಸುತ್ತಿ ಎತ್ತುತ್ತೇನೆ. ಕೊನೆಗೆ ಜಾಲರಿಯಲ್ಲಿ ಸೋಸುವುದು. ಸೋಸುವಾಗ ಮಾಲು ದಪ್ಪ ಹಗ್ಗದ ಹಾಗೆ ಇಳಿದು, ಕೆಳಗೆ ಮಡಿಕೆ ಮಡಿಕೆಯಾಗಿ ಕೂತು, ನಿಧಾನ ಸಮವಾಗುತ್ತದೆ. ಅದನ್ನು ನೋಡುತ್ತಾ ಸುಮ್ನೆ ನಿಲ್ಲುವುದು ಈಗ ನನ್ನ ಬೆಳಗಿನ ಅಭ್ಯಾಸ. ಹುಡುಗರು ನಗುತ್ತಾರೆ, ನಗಲಿ.

ಬಕೆಟ್ ಬೇಡ, ಟ್ಯೂಬಿನ ಸೀಲಂಟ್ (ಸಂದು ಮುಚ್ಚುವ ಪೇಸ್ಟ್) ಸಾಕು ಅನ್ನುವವರಿದ್ದಾರೆ. ಚಿಕ್ಕ ಗೋಡೆಗೆ ಖಂಡಿತ ಸಾಕು. ಗನ್ನಿಗೆ ಹಾಕಿ ಹಿಂಡಿದರೆ ಮುಗಿಯಿತು, ಮಷಿನ್ ತೊಳೆಯುವ ಗೋಳಿಲ್ಲ. ಆದರೆ ಉದ್ದನೆಯ ಕಾರಿಡಾರಿನ ಎರಡೂ ಬದಿ, ಅದೂ ಗೋಡೆಯ ಎರಡೂ ಮುಖ ಹಿಂಡುತ್ತಾ ಹೋಗಿ ನೋಡಿ. ಸಂಜೆ ಹೊತ್ತಿಗೆ ಕೈ ಬೆರಳು ಮಡಚುವುದಕ್ಕೆ ಆಗುವುದಿಲ್ಲ. ನಮ್ಮ ತಂಡ ಚಿಕ್ಕದು, ಕೈಯಲ್ಲಿ ದಿನ ಕಡಿಮೆ. ಬಕೆಟ್ ತುಟ್ಟಿಯಾದರೂ ನಮ್ಮ ಲೆಕ್ಕಕ್ಕೆ ಅದೇ ಸರಿಹೋಯಿತು. ವರ್ಷಕ್ಕೆ ನಾಲ್ಕೈದು ಗೋಡೆ ಮಾಡುವವರು ಮಷಿನಿಗೆ ದುಡ್ಡು ಹಾಕುವುದು ದಂಡ.

ಹೊಡೆಯುವ ಕೆಲಸಕ್ಕಿಂತ ಅದರ ಹಿಂದಿನ ತಯಾರಿಯೇ ಜಾಸ್ತಿ. ಮೇಲಿನ ಸ್ಲ್ಯಾಬ್ ಭಾರ ಬಿದ್ದಾಗ ಬಾಗುತ್ತದೆ, ಭಾರ ಹೋದರೆ ಏಳುತ್ತದೆ. ಗೋಡೆ ಅದಕ್ಕೆ ಬಿಗಿಯಾಗಿ ತಾಗಿದ್ದರೆ ಬೋರ್ಡ್ ಒಡೆಯುತ್ತದೆ. ಅದಕ್ಕೇ ಜಿಪ್ಸಮ್ ಬೋರ್ಡನ್ನು ಸುಮಾರು 20 ಮಿಲಿಮೀಟರ್ ಕೆಳಗೇ ನಿಲ್ಲಿಸುತ್ತೇವೆ, ಮೇಲಿನ ಟ್ರ್ಯಾಕಿಗೆ (ಸ್ಲ್ಯಾಬಿಗೆ ಕೂರಿಸಿದ ತಗಡಿನ ಪಟ್ಟಿಗೆ) ಬೋರ್ಡಿನ ಸ್ಕ್ರೂ ಹೊಡೆಯುವುದಿಲ್ಲ. ಆ ಸಂದಿಗೆ ಮಿನರಲ್ ವೂಲ್ (ಕಲ್ಲು ಕರಗಿಸಿ ಮಾಡಿದ, ಬೆಂಕಿ ಹತ್ತದ ಉಣ್ಣೆ) ಸ್ವಲ್ಪ ದಪ್ಪವಾಗಿಯೇ ಕತ್ತರಿಸಿ, ಒತ್ತಿ ತುಂಬಬೇಕು. ಬೋರ್ಡಿನ ಮುಖಕ್ಕೆ ಸಮವಾಗಿ ನಿಲ್ಲಬೇಕು. ಸಡಿಲ ತುಂಬಿದರೆ ಸ್ಲ್ಯಾಬ್ ಮೇಲೆದ್ದಾಗ ಹಿಂದೆ ಪೊಳ್ಳು ಬೀಳುತ್ತದೆ, ಮೇಲಿನ ಸ್ಪ್ರೇ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ನಾನು ಬಳಸುವ ಸಿಸ್ಟಮ್‌ನಲ್ಲಿ ಸ್ಪ್ರೇ ಹಸಿಯಿದ್ದಾಗ 3 ಮಿಲಿಮೀಟರ್ ದಪ್ಪ ಇರಬೇಕು. ಸ್ಲ್ಯಾಬ್ ಮೇಲೂ ಬೋರ್ಡ್ ಮೇಲೂ 13 ಮಿಲಿಮೀಟರ್ ಹತ್ತಿ ಕೂರಬೇಕು. ಒಣಗಿದರೆ ದಪ್ಪ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಹಸಿಯಲ್ಲೇ ಅಳೆಯುವುದಕ್ಕೆ ಬಾಚಣಿಗೆ ಥರದ ಗೇಜ್ ಸಿಗುತ್ತದೆ. ಮಾಲಿಗೆ ಚುಚ್ಚಿ ತೆಗೆದು, ಯಾವ ಹಲ್ಲಿನವರೆಗೆ ಅಂಟಿದೆ ನೋಡುವುದು. ಅದು ನನ್ನ ಜೇಬಿನಲ್ಲೇ ಇರುತ್ತದೆ. ಎಲ್ಲ ಪ್ಯಾಂಟಿನ ಬಲ ಜೇಬಿಗೂ ಈಗ ಬೂದು ಕಲೆ.

ಮೂರನೇ ಬೇಸಿಗೆಯ ಹೊತ್ತಿಗೆ ಬೇರೆ ಮಾಲು ಹುಡುಕೋಣ ಎಂದು ತೀರ್ಮಾನ ಮಾಡಿದ್ದೆ. ಕನ್ನಡಕದ ಮೇಲೆ ಹನಿ, ಡಕ್ಟಿನ (ಎಸಿ ಗಾಳಿಯ ಕೊಳವೆ) ಮೇಲೆ ಹನಿ, ಮುಗಿದ ಮೇಲೆ ಮಷಿನ್ ತೊಳೆಯಲು ಮುಕ್ಕಾಲು ಗಂಟೆ. ಸಾಕಾಗಿತ್ತು. ಅಷ್ಟರಲ್ಲಿ, ನಾನು ಮೊದಲು ಈ ಸ್ಪ್ರೇ ಹೊಡೆದಿದ್ದ ಕಟ್ಟಡದಿಂದಲೇ ಕರೆ ಬಂತು. ಹೊಸ ಕೇಬಲ್ ಎಳೆಯಲು ಸೀಲಿಂಗ್ ತೆರೆದಿದ್ದಾರೆ, ಒಮ್ಮೆ ಬಂದು ನೋಡಿ ಎಂದರು.

ಟಾರ್ಚ್ ಹಿಡಿದು ಸೀಲಿಂಗ್ ಮೇಲೆ ತಲೆ ತೂರಿಸಿದೆ. ಆ ಮಹಡಿಯ ಮೇಲೆ ಈ ನಡುವೆ ಭಾರದ ಕಪಾಟುಗಳು ಸಾಲಾಗಿ ಬಂದಿದ್ದವು. ಸ್ಲ್ಯಾಬ್ ಇಳಿದಿತ್ತು. ನನ್ನ ಸೀಲ್ ಹರಿದಿರಲಿಲ್ಲ, ಉದ್ದಕ್ಕೂ ಮೆತ್ತಗೆ ಉಬ್ಬಿ ನಿಂತಿತ್ತು. ಬೆರಳಿಂದ ಒತ್ತಿದೆ, ಒಳಗೆ ಹೋಯಿತು, ಬಿಟ್ಟಾಗ ವಾಪಸು ಬಂತು. ಧೂಳು ಒರೆಸಿ ಅಂಚಿಗೆ ಉಗುರು ಹಾಕಿದೆ, ಏಳಲಿಲ್ಲ. ಇಂಥ ಸಂದುಗಳಿಗೆಂದೇ ಇರುವ ಅಮೆರಿಕದ ಯುಎಲ್ 2079 ಬೆಂಕಿ ಪರೀಕ್ಷೆಯಲ್ಲಿ ಬೆಂಕಿ ಇಡುವ ಮೊದಲು ಜಾಯಿಂಟನ್ನು, ಅಂದರೆ ಮುಚ್ಚಿದ ಸಂದನ್ನು, ಹಿಗ್ಗಿಸಿ ಕುಗ್ಗಿಸುತ್ತಾರೆ, ಕಟ್ಟಡ ಗಾಳಿಗೆ ಓಲಾಡುವ ಲೆಕ್ಕದ ಎರಡನೇ ಕ್ಲಾಸಿಗೆ 500 ಸಲ. ಕಾಗದದಲ್ಲಿ ಓದಿದಾಗ ಅದು ಬರೀ ಅಂಕಿ. ಬೆರಳ ಕೆಳಗೆ ಆ ರಬ್ಬರ್ ಎದ್ದು ಬಂದಾಗ ನಿಜವಾಗಿ ಖುಷಿಯಾಯಿತು.

ಪಕ್ಕದ ಭಾಗದಲ್ಲಿ ಬೇರೆ ಯಾರೋ ಸೀಲಂಟ್ ಹಿಂಡಿದ್ದರು. ಉಣ್ಣೆ ತುಂಬಿರಲಿಲ್ಲ, ನೇರ ಟ್ರ್ಯಾಕಿನ ತಗಡಿಗೇ ಮೆತ್ತಿದ್ದರು. ಮೇಲೆ, ಕೆಳಗೆ, ಹಿಂದೆ, ಮೂರೂ ಕಡೆ ಅಂಟಿದರೆ ಹಿಗ್ಗಲು ಜಾಗ ಎಲ್ಲಿ? ನಡುವೆ ಉದ್ದಕ್ಕೆ ಸೀಳಿತ್ತು. ಅದು ಸೀಲಂಟಿನ ತಪ್ಪಲ್ಲ.

ನನ್ನದರಲ್ಲೂ ಒಂದು ಕಡೆ ಬಿರುಕಿತ್ತು, ಮುಚ್ಚಿಡುವುದು ಬೇಡ. ಡಕ್ಟಿನ ಹಿಂದೆ ಗನ್ ಹೋಗದ ಕಡೆ ಬ್ರಷ್ಷಿನಲ್ಲಿ ಬಳಿದಿದ್ದೆ. ಕಣ್ಣಿಗೆ ಕಾಣದೆ ಕೈ ಅಂದಾಜಿನಲ್ಲಿ ಬಳಿದದ್ದು, ತೆಳ್ಳಗಾಗಿತ್ತು. ಕತ್ತರಿಸಿ ತೆಗೆದು ಹೊಸದಾಗಿ ಹಾಕಿದೆ, ಈ ಸಲ ಕನ್ನಡಿ ಹಿಡಿದು. ಡಕ್ಟ್ ಹಾಕುವ ಮೊದಲೇ ಗೋಡೆ ನೆತ್ತಿ ಮುಗಿಸಲು ಬಿಡಿ ಎಂದು ಪ್ರತಿ ಸೈಟಿನಲ್ಲೂ ಕೇಳುತ್ತೇನೆ. ಯಾರೂ ಬಿಡುವುದಿಲ್ಲ, ಅದು ಬೇರೆ ಮಾತು.

ಇನ್ನು ಆ ಕೇಬಲ್‌ನವರು! ಗೋಡೆಯಲ್ಲಿ ತೂತು ಕೊರೆಯುವ ಬದಲು ನನ್ನ ಸೀಲನ್ನೇ ಸ್ಕ್ರೂಡ್ರೈವರಿನಿಂದ ಚುಚ್ಚಿ ಮೂರು ಕೇಬಲ್ ತೂರಿಸಿದ್ದರು. ಹೊಗೆಗೆ ಅಷ್ಟು ದಾರಿ ಸಾಕು. ಜಾಯಿಂಟ್ ಮೂಲಕ ಕೇಬಲ್ ಹೋದರೆ ಅದಕ್ಕೆ ಬೇರೆಯದೇ ಸೀಲ್ ವಿವರ ಬೇಕು, ಸುತ್ತ ಇದೇ ಮಾಲು ಬಳಿದರೆ ಆಗುವುದಿಲ್ಲ. ಕೇಬಲ್ ತೆಗೆಸಿ, ಜಾಗ ಸರಿಮಾಡಿ, ಅವರಿಗೆ ಬೋರ್ಡಿನಲ್ಲಿ ಪೈಪ್ ಕೂರಿಸಿ ಕೊಟ್ಟೆವು. ಅರ್ಧ ದಿನ ಅಲ್ಲೇ ಹೋಯಿತು.

ಹಾಗಾಗಿ ಮಾಲು ಬದಲಿಸಲಿಲ್ಲ. ಐದರಲ್ಲಿ ನಾಲ್ಕು ನಕ್ಷತ್ರ. ಒಂದು ಕಡಿಮೆಯಾದದ್ದು ಪೂರ್ತಿ ಮುಚ್ಚಳದ ಲೆಕ್ಕಕ್ಕೆ. ಈ ಹೊತ್ತು ಅರ್ಧ ಬಕೆಟ್ ಉಳಿದಿದೆ, ಹಾಳೆ ಹಾಸಿ ಗುದ್ದಿ ಇಟ್ಟು ಬಂದಿದ್ದೇನೆ.